ಪುಣೆ ಹತ್ತಿರ, ಬೆಂಗಳೂರು ದೂರ

ನಮ್ಮೂರು ಸಂಕೇಶ್ವರದ ಹತ್ತಿರ ಒಂದು ಹಳ್ಳಿ. ಹುಕ್ಕೇರಿ ತಾಲೂಕು, ಬೆಳಗಾವಿ ಜಿಲ್ಲೆ. ಅಲ್ಲಿಂದ ಬೆಂಗಳೂರು ಹೆಚ್ಚುಕಮ್ಮಿ 550 ಕಿಲೋಮೀಟರ್. ಪುಣೆ 300ರೊಳಗೇ ಸಿಗುತ್ತೆ. ಎರಡಕ್ಕೂ ಒಂದೇ ರಸ್ತೆ, ಹಳೇ ಎನ್‌ಎಚ್ 4, ಈಗ 48. ದಕ್ಷಿಣಕ್ಕೆ ತಿರುಗಿದರೆ ನಮ್ಮ ರಾಜಧಾನಿ, ಉತ್ತರಕ್ಕೆ ತಿರುಗಿದರೆ ಅರ್ಧ ದಾರಿಯಲ್ಲೇ ಪಕ್ಕದ ರಾಜ್ಯದ ದೊಡ್ಡ ಊರು. ನಮ್ಮ ಕಡೆ ಯಾರಿಗಾದರೂ ದೊಡ್ಡ ಕಾಯಿಲೆ ಬಂದರೆ ಬೆಳಗಾವಿ, ಅದೂ ಆಗದಿದ್ದರೆ ಮೀರಜ್ ಅಥವಾ ಕೊಲ್ಹಾಪುರ. ಬೆಂಗಳೂರಿಗೆ ಒಯ್ಯೋಣ ಅಂತ ಯಾರೂ ಅನ್ನಲ್ಲ. ಅಷ್ಟು ಹೊತ್ತು ಪೇಶಂಟ್ ತಡೀಬೇಕಲ್ಲ.

ಈ ಭೂಗೋಳ ಮೊದಲೇ ಹೇಳಿಬಿಟ್ಟೆ. ಯಾಕಂದ್ರೆ ನನ್ನ ಕೈಲಿ ಎರಡು ಆಫರ್ ಲೆಟರ್ ಇದ್ದ ಆ ಮೂರು ವಾರ, ಗೆಳೆಯರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಬೆಂಗಳೂರು ಸಿಗ್ತಿರುವಾಗ ಪುಣೆ ಯಾಕೋ? ನೀನು ಕರ್ನಾಟಕದವನಲ್ವಾ?"

ನಾನಿದ್ದದ್ದು ಹೈದರಾಬಾದಿನಲ್ಲಿ, ಆರು ವರ್ಷದಿಂದ. ಕೆಲಸ ಚೆನ್ನಾಗೇ ಇತ್ತು. ಆದರೆ ಒಂದೇ ವರ್ಷದಲ್ಲಿ ಅಪ್ಪನನ್ನು ಎರಡು ಸಲ ಆಸ್ಪತ್ರೆಗೆ ಸೇರಿಸಬೇಕಾಯಿತು. ಎರಡನೇ ಸಲ ಸ್ಟೆಂಟ್ ಹಾಕಿದರು. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬೆಳಗಾವಿಯಲ್ಲಿ ಇಳಿಯುವಷ್ಟರಲ್ಲಿ ಸಹಿ ಹಾಕುವ ಕೆಲಸವೆಲ್ಲ ನನ್ನ ಚಿಕ್ಕಪ್ಪನೇ ಮುಗಿಸಿದ್ದ. ವಾಪಸ್ ಬಂದಮೇಲೆ ರೆಸ್ಯೂಮೆ ತಿದ್ದೋಕೆ ಕೂತೆ.

ನಮ್ಮ ಕ್ಷೇತ್ರದಲ್ಲಿ ನೋಟಿಸ್ ಪೀರಿಯಡ್ ಅನ್ನೋದು ಬಹಳ ಕಡೆ 90 ದಿನ. ಒಂದು ಆಫರ್ ಹಿಡಿದು ರಾಜೀನಾಮೆ ಕೊಟ್ಟವನ ಹತ್ತಿರ ಇನ್ನೂ ಮೂರು ತಿಂಗಳಿರುತ್ತೆ, ಅಷ್ಟರಲ್ಲಿ ಎರಡನೆಯದು ಬರುತ್ತೆ. ಒಂದನ್ನು ತೋರಿಸಿ ಇನ್ನೊಂದನ್ನು ಏರಿಸುವುದು ಇಲ್ಲಿ ಮಾಮೂಲು. ನಮ್ಮೂರ ಕಡೆ ಸಂತೆಯಲ್ಲಿ ಟವೆಲ್ ಒಳಗೆ ಬೆರಳು ಹಿಡಿದು ಎತ್ತಿನ ವ್ಯಾಪಾರ ಮಾಡ್ತಾರಲ್ಲ, ಹಾಗೇ ಇದೂ. ಇಲ್ಲಿ ಟವೆಲ್ ಇರಲ್ಲ, ಎಚ್‌ಆರ್ ಫೋನ್ ಇರುತ್ತೆ.

ಬೆಂಗಳೂರಿನದು 38 ಲಕ್ಷ, ಪುಣೆಯದು 33. ಮೇಲುನೋಟಕ್ಕೆ ಐದು ಲಕ್ಷ ಫರಕು. ಆದರೆ ಸಿಟಿಸಿ ಅನ್ನೋದನ್ನ ಬಿಡಿಸಿ ನೋಡಬೇಕು. ಬೆಂಗಳೂರಿನ ಕಂಪನಿಯದ್ದರಲ್ಲಿ ನೂರಕ್ಕೆ 15 ಭಾಗ ವೇರಿಯಬಲ್ ಪೇ, ಅಂದ್ರೆ ಕಂಪನಿ ಚೆನ್ನಾಗಿ ನಡೆದರೆ, ಮ್ಯಾನೇಜರ್ ಮನಸ್ಸು ಚೆನ್ನಾಗಿದ್ದರೆ ಬರುವ ದುಡ್ಡು. ಪುಣೆಯದ್ದರಲ್ಲಿ ಅದು ಬರೀ 5. ಎರಡರಲ್ಲೂ ಕಂಪನಿ ಕಟ್ಟುವ ಪಿ.ಎಫ್. ಪಾಲನ್ನೂ ಗ್ರಾಚ್ಯುಟಿಯನ್ನೂ ನನ್ನ ಸಂಬಳದ ಲೆಕ್ಕಕ್ಕೇ ಸೇರಿಸಿದ್ದರು. ವೇರಿಯಬಲ್ ಕಳೆದು, ಟ್ಯಾಕ್ಸ್ ಕಳೆದು ಎಕ್ಸೆಲ್ ಹಾಳೆಯಲ್ಲಿ ಇಳಿಸಿದಾಗ ತಿಂಗಳಿಗೆ ಕೈಗೆ ಬರುವ ಫರಕು ಸುಮಾರು 5,000 ರೂಪಾಯಿ. ಬೆಂಗಳೂರಿನವರು 3 ಲಕ್ಷ ಜಾಯ್ನಿಂಗ್ ಬೋನಸ್ ಅಂತಲೂ ಬರೆದಿದ್ದರು. ಅದು ಒಂದು ವರ್ಷದೊಳಗೆ ಬಿಟ್ಟರೆ ವಾಪಸ್ ಕೊಡಬೇಕಾದದ್ದು. ಮನೆ ಹಿಡಿಯೋಕೆ ಬೆಂಗಳೂರಲ್ಲಿ ಇನ್ನೂ ಆರು ತಿಂಗಳು, ಹತ್ತು ತಿಂಗಳ ಅಡ್ವಾನ್ಸ್ ಕೇಳೋ ಓನರ್‌ಗಳಿದ್ದಾರೆ. ಪುಣೆಯಲ್ಲಿ 11 ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರು, ಡಿಪಾಸಿಟ್ಟು ಎರಡು ಮೂರು ತಿಂಗಳದ್ದು. ಎಲ್ಲ ಸೇರಿಸಿದರೆ ದುಡ್ಡಿನ ಮಾತು ಅಲ್ಲಿಗೆ ಸಪಾಟಾಯಿತು. ನಿಜ ಹೇಳಬೇಕಂದ್ರೆ ಅದು ಸಪಾಟಾಗದೇ ಇದ್ದಿದ್ದರೆ ನನಗೆ ಸುಲಭ ಇತ್ತು.

ಒಂದು ಸಾಲು ಮಾತ್ರ ಎದ್ದು ಕಾಣ್ತಿತ್ತು. ಪುಣೆ ಕಂಪನಿಯ ಆರೋಗ್ಯ ವಿಮೆಯಲ್ಲಿ ಅಪ್ಪ ಅವ್ವ ಇಬ್ಬರೂ ಸೇರ್ತಾರೆ. ಬೆಂಗಳೂರಿನದ್ದರಲ್ಲಿ ಹೆಂಡತಿ ಮಕ್ಕಳು ಅಷ್ಟೇ. ಸ್ಟೆಂಟ್ ಹಾಕಿಸಿಕೊಂಡ 68 ವರ್ಷದವರಿಗೆ ಹೊರಗೆ ಹೊಸ ಪಾಲಿಸಿ ತಗೊಳ್ಳೋಕೆ ಹೋಗಿ ನೋಡಿ. ಪ್ರೀಮಿಯಂ ಇರಲಿ, ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸುವ ಅವಕಾಶ ಕಂಪನಿಗಳಿಗಿದೆ. ಆಫೀಸಿನ ಗುಂಪು ವಿಮೆಯಲ್ಲಿ ಸಾಮಾನ್ಯವಾಗಿ ಆ ಕಾಯುವಿಕೆ ಇರಲ್ಲ.

ಇಷ್ಟಕ್ಕೇ ಪುಣೆ ಅಂತ ತೀರ್ಮಾನ ಆಗಬೇಕಿತ್ತು. ಆಗಲಿಲ್ಲ, ಮಗಳಿದ್ದಾಳೆ.

ಈ ಜೂನಿಗೆ ಅವಳಿಗೆ ಆರು ತುಂಬುತ್ತೆ, ಒಂದನೇ ಕ್ಲಾಸು. ಕರ್ನಾಟಕದಲ್ಲಿ 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆ ಇದೆ, ಸಿಬಿಎಸ್‌ಇ ಶಾಲೆಯೇ ಆಗಲಿ ಐಸಿಎಸ್‌ಇ ಆಗಲಿ ಕನ್ನಡ ಕಲಿಸಬೇಕು. ತೆಲಂಗಾಣದಲ್ಲಿ ತೆಲುಗಿಗೆ 2018ರಲ್ಲಿ ಕಾಯ್ದೆ ಬಂತು, ಮಹಾರಾಷ್ಟ್ರದಲ್ಲಿ ಮರಾಠಿಗೆ 2020ರಲ್ಲಿ. ಈ ಕಾಯ್ದೆಗಳ ಬಗ್ಗೆ ನನಗೆ ತಕರಾರಿಲ್ಲ. ನಮ್ಮ ರಾಜ್ಯದಲ್ಲಿ ಬೇಕು ಅಂದವನು ಅವರ ರಾಜ್ಯದಲ್ಲಿ ಬೇಡ ಅನ್ನೋಕೆ ಬರಲ್ಲ. ಆದರೆ ನನ್ನಂಥವನಿಗೆ ಇದರ ಅರ್ಥ ಏನಂದ್ರೆ, ನಾನು ಯಾವ ಆಫರ್ ಲೆಟರಿಗೆ ಸಹಿ ಹಾಕ್ತೀನೋ ಅದರ ಮೇಲೆ ನನ್ನ ಮಗಳು ಶಾಲೆಯಲ್ಲಿ ಯಾವ ಅಕ್ಷರ ಕಲೀತಾಳೆ ಅನ್ನೋದು ನಿಂತಿದೆ. ಬೆಂಗಳೂರು ಅಂದ್ರೆ ಕನ್ನಡ. ಪುಣೆ ಅಂದ್ರೆ ಮರಾಠಿ.

ಊರಿಗೆ ಹತ್ತಿರವಾದಷ್ಟೂ ಕನ್ನಡಕ್ಕೆ ಹತ್ತಿರ ಆಗ್ತೀವಿ ಅಂತ ಮೈಸೂರು, ಮಂಡ್ಯದ ಕಡೆಯವರು ಅಂದುಕೊಂಡರೆ ಅವರಿಗೆ ಅದು ಸರಿ. ಗಡಿಯ ಹಳ್ಳಿಯವನಿಗೆ ಊರು ಒಂದು ದಿಕ್ಕು, ಕನ್ನಡ ಶಾಲೆ ಇನ್ನೊಂದು ದಿಕ್ಕು. ಪುಣೆಗೆ ಹೋದರೆ ಮಗಳಿಗೆ ಅಜ್ಜ ಸಿಗ್ತಾರೆ, ಬೆಂಗಳೂರಿಗೆ ಹೋದರೆ ಅಜ್ಜನ ಅಕ್ಷರ ಸಿಗುತ್ತೆ.

ಅಜ್ಜನ ಅಕ್ಷರ ಅಂದೆನಲ್ಲ, ಅದು ಅಲಂಕಾರಕ್ಕೆ ಹೇಳಿದ್ದಲ್ಲ. ನಮ್ಮಪ್ಪ ಮುಲ್ಕಿ ಪಾಸಾದವರು. ಅವರ ಹತ್ತಿರ ಉದ್ದನೆಯ ವಹಿಗಳ ಒಂದು ಸಾಲೇ ಇದೆ. ಯಾವ ತಾರೀಖಿಗೆ ಎಷ್ಟು ಟನ್ ಕಬ್ಬು ಕಾರ್ಖಾನೆಗೆ ಹೋಯಿತು, ಬಿಲ್ಲು ಎಂದು ಬಂತು, ಯಾವ ಗ್ಯಾಂಗಿನವರು ಕಡಿದರು, ಎಲ್ಲಾ ಅದರಲ್ಲಿದೆ. ನಡುನಡುವೆ ನಾನು ಹುಟ್ಟಿದ್ದು, ಬಾವಿಗೆ ಮೋಟರ್ ಇಳಿಸಿದ್ದು, ನನ್ನ ಬಿ.ಇ. ಅಡ್ಮಿಷನ್ನಿಗೆ ಕಟ್ಟಿದ ದುಡ್ಡು. ಒಂದೇ ಶಾಯಿ, ಒಂದೇ ಗಾತ್ರದ ಅಕ್ಷರ. ಮಗ ಹುಟ್ಟಿದ್ದೂ ಒಂದು ಸಾಲು, ಗೊಬ್ಬರ ತಂದದ್ದೂ ಒಂದು ಸಾಲು. ಹೋದ ದೀಪಾವಳಿಗೆ ಮಗಳು ಆ ವಹಿ ತೊಡೆ ಮೇಲೆ ಇಟ್ಟುಕೊಂಡು ಪುಟ ತಿರುವಿ ಕೇಳಿದಳು: "ಅಜ್ಜಾ, ಇದು ತೆಲುಗಾ?"

ಅಪ್ಪ ಜೋರಾಗಿ ನಕ್ಕರು. ಅವಳದ್ದೇನೂ ತಪ್ಪಿಲ್ಲ ಬಿಡಿ. ಹೈದರಾಬಾದಿನಲ್ಲಿ ದಿನಾ ಕಾಣುವ ಬೋರ್ಡು ತೆಲುಗಿನದು, ಎರಡೂ ಲಿಪಿ ಅಕ್ಕತಂಗಿಯರ ಹಾಗೆ. ಆ ಲೆಕ್ಕಕ್ಕೆ ಹೈದರಾಬಾದಿನಲ್ಲೇ ಉಳಿದಿದ್ದರೆ ಅಜ್ಜನ ವಹಿ ಓದೋದು ಅವಳಿಗೆ ಪುಣೆಗಿಂತ ಸಲೀಸಾಗ್ತಿತ್ತು.

ಹೆಂಡತಿಯ ಕೆಲಸ ಮನೆಯಿಂದಲೇ, ಅವಳಿಗೆ ಯಾವ ಊರಾದರೂ ನಡೆಯುತ್ತೆ ಅಂತ ನಾನು ಎಕ್ಸೆಲ್ಲಿನಲ್ಲಿ ಅವಳಿಗೊಂದು ಸಾಲೂ ಹಾಕಿರಲಿಲ್ಲ. ಅವಳೇ ಹಾಳೆ ನೋಡಿ ಹೇಳಿದಳು, "ನಿಮ್ಮ ಅಪ್ಪಾರು ಹತ್ರ ಆಗ್ತಾರ. ನಮ್ಮ ಅಪ್ಪಾರು ದೂರ ಆಗ್ತಾರಲ್ರೀ." ಅವಳ ತವರು ಗದಗ. ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಮನೆ. ಪುಣೆಯಿಂದ ಅಷ್ಟು ನೇರ ಇಲ್ಲ. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಮಾವನವರು ಗಟ್ಟಿಯಾಗಿದ್ದಾರೆ ಅನ್ನೋದು ಒಂದು ಸಮಾಧಾನ, ಆದರೆ ಆ ಮಾತನ್ನು ಗಂಡನಾದವನು ಬಾಯಿಬಿಟ್ಟು ಹೇಳೋ ಹಾಗಿಲ್ಲ.

ಅಪ್ಪನಿಗೆ ಫೋನ್ ಮಾಡಿ ಕೇಳಿದೆ. ಪುಣೆ ಆದ್ರ ಹದಿನೈದು ದಿವ್ಸಕ್ಕೊಮ್ಮೆ ಬರಾಕ ಆಗತೈತಿ ಅಂದೆ.

"ಬಂದು ಏನ್ ಮಾಡಾಂವ? ಕಬ್ಬಿಗಿ ನೀರ ಹಾಯಸ್ತಿ ಏನು?"

"ಹಾಯಸ್ತೀನಿ."

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಸ್ಟೆಂಟ್ ಹಾಕಿಸಿಕೊಂಡ ಮೇಲೂ ತ್ರೀ ಫೇಸ್ ಕರೆಂಟ್ ರಾತ್ರಿ ಎರಡಕ್ಕೆ ಬಂದರೆ ಎರಡಕ್ಕೆ ಎದ್ದು ಬ್ಯಾಟರಿ ಹಿಡಿದು ಹೋಗುವ ಮನುಷ್ಯ. ಬ್ಯಾಡ ಅಂದ್ರೆ ಕೇಳಲ್ಲ, ಆಳು ಇಟ್ಟರೆ ನಂಬಲ್ಲ.

"ಹುಡುಗಿ ಸಾಲಿದು ಏನ್ ಮಾಡ್ತಿ?"

ಮರಾಠಿ ಕಲೀಬೇಕಾಗತೈತಿ ಅಂದೆ.

"ಕಲೀಲಿ. ನಾ ಗಡಹಿಂಗ್ಲಜ ಸಂತಿಗಿ ಹೋಗಿ ಹೋಗಿ ಕಲ್ತಿಲ್ಲೇನು? ಕನ್ನಡ ಸೂಟಿಗಿ ಕಳಸು, ನಾ ಕಲಸ್ತೀನಿ."

ಅಪ್ಪ ಹೇಳಿದಷ್ಟು ಸರಳ ಅಲ್ಲ ಅದು. ಸೂಟಿಯಲ್ಲಿ ಕಲಿತ ಅಕ್ಷರ ಜೂನ್ ತಿಂಗಳ ಹೋಮ್‌ವರ್ಕಿನ ಎದುರು ಎಷ್ಟು ದಿನ ನಿಲ್ಲುತ್ತೆ ಅನ್ನೋದು ಊರು ಬಿಟ್ಟ ಎಲ್ಲರಿಗೂ ಗೊತ್ತು. ಹೈದರಾಬಾದಿನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಕನ್ನಡದವರ ಮಕ್ಕಳಲ್ಲಿ ಮಾತಾಡುವವರಿದ್ದಾರೆ, ಓದುವವರು ಕಮ್ಮಿ. ಪುಣೆಯಲ್ಲಿ ನಾನೇ ದಿನಾ ಅರ್ಧ ಗಂಟೆ ಕೂತು ಕಲಿಸಬೇಕು. ಹಿಂಜವಡಿಯ ಟ್ರಾಫಿಕ್ಕಿನಲ್ಲಿ ಮನೆ ಸೇರಿದ ಮೇಲೆ ಆ ಅರ್ಧ ಗಂಟೆ ನನ್ನಲ್ಲಿ ಉಳಿದಿರುತ್ತಾ ಅನ್ನೋ ಅನುಮಾನ ನನಗೇ ಇದೆ.

ಹತ್ತಿರ ಅನ್ನೋದಕ್ಕೂ ಒಂದು ಷರತ್ತಿದೆ. 2022ರ ಡಿಸೆಂಬರಿನಲ್ಲಿ ಗಡಿ ಗಲಾಟೆ ಜೋರಾದಾಗ ಎರಡೂ ರಾಜ್ಯಗಳ ಸರ್ಕಾರಿ ಬಸ್ಸುಗಳು ಗಡಿ ದಾಟುವುದನ್ನು ನಿಲ್ಲಿಸಿದ್ದವು. ಅಂಥ ದಿನ ಅವ್ವನ ಫೋನ್ ಬಂದರೆ ಕೆಎ ನಂಬರಿನ ನನ್ನ ಕಾರು ಹತ್ತಿ ಹೊರಡೋದೋ ಬೇಡವೋ ಅಂತ ಯೋಚಿಸಬೇಕಾಗುತ್ತೆ. ಉಳಿದ ದಿನಗಳಲ್ಲಿ ಸಾತಾರಾ, ಕರಾಡ, ಕೊಲ್ಹಾಪುರ, ಕಾಗಲ, ನಿಪ್ಪಾಣಿ. ಶನಿವಾರ ನಸುಕಿನಲ್ಲಿ ಬಿಟ್ಟರೆ ಮಧ್ಯಾಹ್ನದ ಊಟಕ್ಕೆ ಅವ್ವನ ರೊಟ್ಟಿ. ಭಾನುವಾರ ಉಂಡು ಹೊರಟರೆ ರಾತ್ರಿ ಪುಣೆ. ಬೆಂಗಳೂರಿನಿಂದ ಇದೇ ಕೆಲಸಕ್ಕೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯಿಡೀ ಬಂದು ಘಟಪ್ರಭಾದಲ್ಲಿ ಇಳಿದು ಮತ್ತೆ ಬಸ್ಸು ಹಿಡಿದು, ಬಂದ ದಿನವೇ ಮರಳುವ ರೈಲಿನ ಟೈಮು ನೋಡ್ತಾ ಕೂರಬೇಕು. ಬೆಂಗಳೂರಲ್ಲಿದ್ದ ಎಂಟು ವರ್ಷ ನಾನು ಹಾಗೇ ಮಾಡಿದ್ದೆ. ವರ್ಷಕ್ಕೆ ನಾಲ್ಕು ಸಲ ಬಂದರೆ ಹೆಚ್ಚು.

ವರ್ಷಕ್ಕೆ ನಾಲ್ಕಾ, ಇಪ್ಪತ್ತಾ ಅನ್ನೋದೇ ಕೊನೆಗೆ ನನ್ನ ಕೈ ಹಿಡಿದದ್ದು. ಮಗಳಿಗೆ ಅಕ್ಷರ ತಡವಾಗಿಯಾದರೂ ಕಲಿಸಬಹುದು, ಹತ್ತಕ್ಕೆ ಕಲಿತರೂ ಓದ್ತಾಳೆ. ಅಪ್ಪನಿಗೆ 68. ಪುಣೆಗೆ ಹೂಂ ಅಂದೆ. ಹೆಂಡತಿ ಪೂರ್ತಿ ಒಪ್ಪಿದ್ದಾಳೆ ಅಂತ ಬರೆದರೆ ಅದು ಸುಳ್ಳಾಗುತ್ತೆ. ದಸರಾ ಮತ್ತು ಬೇಸಿಗೆ ಸೂಟಿಯ ಅರ್ಧ ಗದಗದಲ್ಲಿ, ಮಾವನವರಿಗೆ ಏನಾದರೂ ಆದರೆ ಮತ್ತೆ ಊರು ಬದಲಿಸುವ ಮಾತು ಎತ್ತಬಹುದು, ಆಗ ನಾನು ಇದೇ ಎಕ್ಸೆಲ್ ತೆಗೆಯಬಾರದು ಅಂತ ಷರತ್ತು ಹಾಕಿದ್ದಾಳೆ.

ಬೆಂಗಳೂರಿನ ಕಂಪನಿಗೆ ಬರಲ್ಲ ಅಂತ ಮೇಲ್ ಹಾಕಿದೆ. ಎಚ್‌ಆರ್ ಹುಡುಗಿ ಫೋನ್ ಮಾಡಿ ಇನ್ನೊಂದು ಲಕ್ಷ ಏರಿಸೋಣವಾ ಸರ್ ಅಂದಳು. ಬೇಡ ಅಂದಮೇಲೆ ಒಂದು ಫಾರ್ಮ್ ಕಳಿಸಿದಳು, ಯಾಕೆ ನಿರಾಕರಿಸ್ತಿದ್ದೀರಿ ಅಂತ. ಆರಿಸೋಕೆ ನಾಲ್ಕು ಆಯ್ಕೆ: ಸಂಬಳ, ಹುದ್ದೆ, ಸ್ಥಳ, ಇತರೆ. ಸ್ಥಳ ಅಂತ ಒತ್ತಿದೆ. ಆಮೇಲೆ ಪುಣೆಯಲ್ಲಿ ಆಫೀಸಿಗೂ ಶಾಲೆಗೂ ನಡುವೆ ಎಲ್ಲಿ ಮನೆ ಸಿಗುತ್ತೆ ಅಂತ ನೋಡೋಕೆ ಇಬ್ಬರೂ ಮ್ಯಾಪ್ ತೆಗೆದು ಕೂತೆವು.