ನೆಲವೇ ಡೊಂಕಾದಾಗ

ಕುಣಿಯಲಾರದವಳು ನೆಲ ಡೊಂಕೆಂದಳಂತೆ ಎಂಬ ಗಾದೆಯನ್ನು ಬಾಲ್ಯದಿಂದಲೂ ಹಿರಿಯರ ಬಾಯಲ್ಲಿ ಕೇಳುತ್ತ ಬೆಳೆದವನಿಗೆ, ತನ್ನ ಕೈಯಿಂದಾಗದ ಕೆಲಸದ ಅಪವಾದವನ್ನು ಕಾಲಕೆಳಗಿನ ಭೂಮಿಯ ಮೇಲೆ ಹೊರಿಸುವ ಧೈರ್ಯ ಸುಲಭವಾಗಿ ಬರುವುದಿಲ್ಲ. ಆದುದರಿಂದ, ಬೈಲಹೊಂಗಲದ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ ಲ್ಯಾಪ್‌ಟಾಪನ್ನು ಮುಂದಿಟ್ಟುಕೊಂಡು ಬರೆಯಲು ಕುಳಿತಾಗಲೆಲ್ಲ ಪರದೆಯ ಮೇಲಿನ ಬಾಣದ ಗುರುತು ಸ್ವೇಚ್ಛೆಯಾಗಿ ಸಂಚರಿಸತೊಡಗಿದಾಗ, ಮನೆಮಂದಿ ಮೊದಲು ಶಂಕಿಸಿದ್ದು ನನ್ನ ಬೆರಳುಗಳ ವೃದ್ಧಾಪ್ಯವನ್ನು. ಆಮೇಲೆ ಯಂತ್ರದ ವಯಸ್ಸನ್ನು. ನೆಲದ ಮಾತನ್ನು ಯಾರೂ ಎತ್ತಲಿಲ್ಲ.

ಚೈತ್ರ ಕಳೆದು ವೈಶಾಖ ಕಾಲಿಡುತ್ತಿದ್ದ ಸಮಯವದು. ಕಿತ್ತೂರಿನ ಇತಿಹಾಸವನ್ನು ಕುರಿತು ಶಾಲೆಯ ಮಕ್ಕಳಿಗಾಗಿ ಒಂದು ಚಿಕ್ಕ ಲೇಖನವನ್ನು ಸಿದ್ಧಪಡಿಸುತ್ತಿದ್ದೆನು. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರನಾದ ಥ್ಯಾಕರೆ ಕಿತ್ತೂರಿನಲ್ಲಿ ಹತನಾದ ಪ್ರಸಂಗವನ್ನು ಟೈಪು ಮಾಡುತ್ತಿರುವಾಗ ಬಾಣವು ಒಮ್ಮಿಂದೊಮ್ಮೆಗೆ ಕಂಪಿಸಿ, ಪುಟದ ತಳಕ್ಕೆ ಜಿಗಿದು, ತನ್ನಷ್ಟಕ್ಕೆ ತಾನೇ ಒಂದು ಕ್ಲಿಕ್ಕು ಮಾಡಿ ನಿಲ್ಲುವುದು. ಅದನ್ನರಿಯದೆ ನಾನು ಒತ್ತುತ್ತ ಹೋದ ಅಕ್ಷರಗಳು, ರಾಣಿ ಚೆನ್ನಮ್ಮ 1829ರಲ್ಲಿ ಇದೇ ಬೈಲಹೊಂಗಲದ ಸೆರೆಯಲ್ಲಿ ದೇಹ ಬಿಟ್ಟಳೆಂಬ ವಾಕ್ಯದ ಉದರದೊಳಗೆ ಹೊಕ್ಕು, ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದ ಸಾಲನ್ನು ನಡುವೆ ಸೀಳಿ, ಸತ್ತ ಥ್ಯಾಕರೆಯನ್ನು ಏಳು ವರ್ಷಗಳ ಮೇಲೆ ಮತ್ತೊಮ್ಮೆ ಸಾಯಿಸುವುವು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವುದನ್ನು ನಾನು ಹೊಲದಲ್ಲಿ ಕಂಡವನಲ್ಲ. ಪರದೆಯ ಮೇಲೆ ಕಂಡೆನು.

ನಮ್ಮ ಭಾಗದಲ್ಲಿ ಲ್ಯಾಪ್‌ಟಾಪಿನ ಸಮಸ್ತ ವ್ಯಾಧಿಗಳಿಗೂ ವೈರಸ್ ಎಂಬ ಒಂದೇ ನಿದಾನವುಂಟು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ಸೋದರಳಿಯನು ಫೋನಿನಲ್ಲಿ ಲಕ್ಷಣಗಳನ್ನು ಪೂರ್ತಿಯಾಗಿ ಕೇಳುವ ಮೊದಲೇ “ಮಾಮಾ, ವೈರಸ್ ಹೊಕ್ಕೈತಿ” ಎಂದು ತೀರ್ಪು ಕೊಟ್ಟು, ಅಲ್ಲಿಂದಲೇ ಯಂತ್ರವನ್ನು ತನ್ನ ವಶಕ್ಕೆ ತೆಗೆದುಕೊಂಡು ಶೋಧನೆ ನಡೆಸಿದನು. ಅವನ ಬಾಣ ಮತ್ತು ನನ್ನ ಬಾಣ ಒಂದೇ ಪರದೆಯಲ್ಲಿ ಪರಸ್ಪರ ಎಳೆದಾಡಿದ ಆ ರಾತ್ರಿಯ ಫಲವಾಗಿ ವೈರಸ್ಸು ಸಿಕ್ಕಲಿಲ್ಲ. ಆಗ ಅವನು ಡ್ರೈವರ್, ಎಂದರೆ ಟಚ್‌ಪ್ಯಾಡನ್ನು ನಡೆಸುವ ತಂತ್ರಾಂಶ, ಹಳತಾಗಿದೆಯೆಂದನು. ಹಳತಾದರೆ ಬಾಣ ದಾರಿ ತಪ್ಪುವುದುಂಟು, ಅದನ್ನು ತೆಗೆದು ಹೊಸತನ್ನು ಹಾಕುವುದು ಶಾಸ್ತ್ರಸಮ್ಮತವಾದ ಚಿಕಿತ್ಸೆಯೇ ಹೌದು. ಆದರೆ ಹಗಲು ನಡುಗಿ ನಸುಕಿನಲ್ಲಿ ಶಾಂತವಾಗುವ, ಮಳೆಗಾಲದಲ್ಲಿ ಮರೆಯಾಗಿ ಬೇಸಗೆಯಲ್ಲಿ ಮರುಕಳಿಸುವ ರೋಗಕ್ಕೆ ಡ್ರೈವರೊಂದೇ ಕಾರಣವೆಂದು ನಂಬುವುದು ನನಗೆ ಕಠಿಣವಾಯಿತು.

ಈ ಬಾಣಕ್ಕೂ ಒಂದು ವಂಶಾವಳಿಯುಂಟು. ಅಮೆರಿಕೆಯ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಕಲ್ಪಿಸಿ, ಬಿಲ್ ಇಂಗ್ಲಿಷ್ ಎಂಬ ಎಂಜಿನಿಯರು 1964ರಲ್ಲಿ ನಿರ್ಮಿಸಿಕೊಟ್ಟ ಮೊದಲನೆಯ ಮೌಸು ಕಟ್ಟಿಗೆಯದು. ತಳದಲ್ಲಿ ಒಂದಕ್ಕೊಂದು ಲಂಬವಾಗಿ ಕೂಡಿಸಿದ ಎರಡು ಗಾಲಿಗಳಿದ್ದು, ಒಂದು ಅಡ್ಡ ಚಲನೆಯನ್ನೂ ಇನ್ನೊಂದು ಉದ್ದ ಚಲನೆಯನ್ನೂ ಅಳೆಯುತ್ತಿದ್ದವು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದ ಸಭೆಯಲ್ಲಿ ಎಂಗೆಲ್‌ಬಾರ್ಟನು ಅದನ್ನು ಪ್ರದರ್ಶಿಸಿದಾಗ, ಕೈ ಮೇಜಿನ ಮೇಲೆ ಸರಿದರೆ ಗುರುತು ಪರದೆಯ ಮೇಲೆ ಸರಿಯುವ ಆ ನೋಟ ನೋಡುಗರಿಗೆ ಅಪೂರ್ವವಾಗಿತ್ತು. ಪೇಟೆಂಟು ದೊರೆತದ್ದು 1970ರಲ್ಲಿ. ಗಾಲಿಯ ಬದಲು ರಬ್ಬರಿನ ಗುಂಡು ಬಂದ ಮೇಲೆ ಅದರ ಸಂತತಿ ನಮ್ಮ ಊರಿನ ಹತ್ತಿಯ ದಲಾಲಿ ಅಂಗಡಿಗಳವರೆಗೂ ಹಬ್ಬಿತು. ಹಬ್ಬಿದ್ದೇ ತಡ, ನಮ್ಮ ಊರಿನ ರೋಗವೂ ಅದಕ್ಕೆ ಅಂಟಿತು. ಅರಳೆಯ ಸೂಕ್ಷ್ಮವಾದ ಎಳೆಗಳು ಗಾಳಿಯಲ್ಲಿ ಸದಾ ತೇಲುವ ಆ ಅಂಗಡಿಗಳಲ್ಲಿ ಮೌಸಿನ ತಳದ ಬಳೆಯನ್ನು ತಿರುವಿ ಗುಂಡನ್ನು ಅಂಗೈಗೆ ಉರುಳಿಸಿಕೊಂಡು ನೋಡಿದರೆ, ಒಳಗಿನ ಎರಡು ಕಿರುದಂಡಗಳ ನಡುವಿನಲ್ಲಿ ಹತ್ತಿ, ಧೂಳು ಮತ್ತು ಕೈಯ ಜಿಡ್ಡು ಕೂಡಿ ಗಟ್ಟಿಯಾದ ಬೂದುಬಣ್ಣದ ಉಂಗುರವಿರುತ್ತಿತ್ತು. ಗುಮಾಸ್ತನು ಅದನ್ನು ಉಗುರಿನಿಂದ ಕೆರೆದು ಊದಿ, ಗುಂಡನ್ನು ಧೋತರದ ಸೆರಗಿಗೆ ಒರೆಸಿ ಮತ್ತೆ ಕೂಡಿಸುತ್ತಿದ್ದನು. ಕಣ್ಣಿಗೆ ಕಾಣುವ ದೋಷ, ಉಗುರಿಗೆ ಸಿಗುವ ಪರಿಹಾರ. ಅಂಥ ಕಾಲವೂ ಇತ್ತು.

ಬೆಳಕಿನ ಮೌಸು ಬಂದ ಮೇಲೆ ದೋಷ ಸೂಕ್ಷ್ಮವಾಯಿತು. ಅದರ ಹೊಟ್ಟೆಯಲ್ಲಿರುವ ಪುಟ್ಟ ಕ್ಯಾಮರಾ ತನ್ನ ಕೆಳಗಿನ ಮೇಲ್ಮೈಯ ಚಿತ್ರವನ್ನು ಸೆಕೆಂಡಿಗೆ ಸಾವಿರಕ್ಕೂ ಮಿಕ್ಕಿ ಬಾರಿ ತೆಗೆದು, ಹಿಂದಿನ ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ಇರುವ ಅಂತರದಿಂದ ಚಲನೆಯನ್ನು ಊಹಿಸುತ್ತದೆ. ಕಿತ್ತೂರಿನ ನನ್ನ ಮಿತ್ರರು ಮೇಜಿಗೆ ದಪ್ಪ ಗಾಜು ಹಾಸಿ, ಗಾಜಿನಡಿಯಲ್ಲಿ ಮಕ್ಕಳು ಮೊಮ್ಮಕ್ಕಳ ಫೋಟೋಗಳನ್ನೂ ನಡುವೆ ಕುದುರೆಯೇರಿದ ರಾಣಿಯ ಪಟವನ್ನೂ ಇಟ್ಟುಕೊಂಡವರು. ನುಣುಪಾದ ಗಾಜಿನಲ್ಲಿ ಗುರುತು ಹಿಡಿಯುವಂಥ ಒರಟುತನವಿಲ್ಲದೆ ಅವರ ಮೌಸು ಕುರುಡಾಗಿ, ಬಾಣ ಅಲ್ಲಲ್ಲೇ ಎಡವುತ್ತಿತ್ತು. ಹಳೆಯ ವೃತ್ತಪತ್ರಿಕೆಯ ಹಾಳೆಯೊಂದನ್ನು ಹಾಸಿದೊಡನೆ ಗುಣವಾಯಿತು. ರಾಣಿ ಮರೆಯಾದಳೆಂಬ ವ್ಯಸನ ಮಾತ್ರ ಅವರಿಗೆ ಉಳಿಯಿತು.

ಆದರೆ ನನ್ನದು ಟಚ್‌ಪ್ಯಾಡಿನ ರೋಗ, ಮತ್ತು ಟಚ್‌ಪ್ಯಾಡು ನೋಡುವುದೂ ಇಲ್ಲ, ಒತ್ತಡವನ್ನು ತೂಗುವುದೂ ಇಲ್ಲ. ಅದರ ನುಣುಪಾದ ಚರ್ಮದ ಕೆಳಗೆ ಅಡ್ಡವಾಗಿಯೂ ಉದ್ದವಾಗಿಯೂ ಹಾಯ್ದ ಲೋಹದ ಸೂಕ್ಷ್ಮ ರೇಖೆಗಳ ಜಾಲವಿದ್ದು, ಆ ರೇಖೆಗಳ ನಡುವೆ ಸದಾ ಒಂದು ಅತ್ಯಲ್ಪ ವಿದ್ಯುತ್‌ಕ್ಷೇತ್ರ ನೆಲೆಸಿರುತ್ತದೆ. ಮನುಷ್ಯಶರೀರವು ವಿದ್ಯುದ್ವಾಹಕವಾದುದರಿಂದ ಬೆರಳು ಸಮೀಪಿಸಿದೊಡನೆ ಆ ಕ್ಷೇತ್ರದ ಒಂದಂಶ ಬೆರಳಿನತ್ತ ಹರಿದು, ಯಾವ ರೇಖೆಗಳಲ್ಲಿ ಎಷ್ಟು ಕೊರತೆಯಾಯಿತೆಂಬ ಲೆಕ್ಕದಿಂದ ಬೆರಳಿನ ಸ್ಥಾನ ನಿರ್ಧಾರವಾಗುತ್ತದೆ. ಒಣ ಕಡ್ಡಿಯಿಂದ ಎಷ್ಟು ತಿವಿದರೂ ಬಾಣ ಅಲುಗದಿರುವುದು ಇದೇ ಕಾರಣಕ್ಕೆ. ಹೀಗೆ ಕೊರತೆಯ ಮೂಲಕವೇ ಜಗತ್ತನ್ನು ಅರಿಯುವ ಆ ಫಲಕಕ್ಕೆ ಬೆರಳಿಗೂ ಬೆವರಿನ ಹನಿಗೂ ಭೇದ ಸದಾ ತಿಳಿಯುವುದಿಲ್ಲ. ಅವಿಧೇಯವೆಂದು ನಾವು ಬಯ್ಯುವ ಬಾಣದ ದೋಷ ವಾಸ್ತವವಾಗಿ ಅತಿವಿಧೇಯತೆ: ಅದು ನನ್ನ ಆಜ್ಞೆಯನ್ನು ಮೀರುತ್ತಿಲ್ಲ, ನನ್ನ ಆಜ್ಞೆಯ ಜೊತೆಗೆ ನನಗೆ ಕಾಣದ ಇನ್ನೂ ಹತ್ತು ಕೈಗಳ ಆಜ್ಞೆಯನ್ನು ಅಷ್ಟೇ ಶ್ರದ್ಧೆಯಿಂದ ಪಾಲಿಸುತ್ತಿದೆ.

ಸವದತ್ತಿಯಲ್ಲಿ ಆ ಕಾಣದ ಕೈಗೆ ಅರಿಸಿನದ ಬಣ್ಣವಿತ್ತು. ಎಲ್ಲಮ್ಮನ ಗುಡ್ಡಕ್ಕೆ ಹೋಗುವ ದಾರಿಯಲ್ಲಿ ಝೆರಾಕ್ಸ್ ಅಂಗಡಿಯಿಟ್ಟು ರೈತರಿಗೆ ಉತಾರ ತೆಗೆದುಕೊಡುವ ಹುಡುಗನೊಬ್ಬನ ಲ್ಯಾಪ್‌ಟಾಪು ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಮಾತ್ರ ಕೆಡುತ್ತಿತ್ತು. ಉಧೋ ಉಧೋ ಎಂಬ ಘೋಷದ ನಡುವೆ ಭಂಡಾರ ಎಲ್ಲೆಡೆ ಹಾರುವ ಆ ದಿನಗಳಲ್ಲಿ ಅದು ಬಂದವರ ಕೈಯಿಂದ ನೋಟಿಗೆ, ನೋಟಿನಿಂದ ಹುಡುಗನ ಬೆರಳಿಗೆ, ಬೆರಳಿನಿಂದ ಟಚ್‌ಪ್ಯಾಡಿಗೆ ಇಳಿದು, ಬೆವರಿನೊಡನೆ ಕಲೆತು ತೆಳುವಾದ ಹಳದಿ ಪೊರೆಯಾಗುತ್ತಿತ್ತು. ಬಟ್ಟೆಯನ್ನು ತುಸು ಒದ್ದೆಮಾಡಿ ಒರೆಸಿ, ಒಣಗಿಸಿ, ಬೆರಳನ್ನು ದೂರವಿಟ್ಟು ಯಂತ್ರವನ್ನು ಹೊಸದಾಗಿ ಚಾಲೂ ಮಾಡುವುದರಲ್ಲಿ ಅವನು ನಿಷ್ಣಾತನಾಗಿದ್ದನು. ಬೆರಳನ್ನು ದೂರವಿಡಬೇಕೆಂಬುದು ಮುಖ್ಯ; ಏಕೆಂದರೆ ಚಾಲೂ ಆಗುವಾಗ ಫಲಕವು ತಾನು ಮುಟ್ಟಿಸಿಕೊಳ್ಳದ ಸ್ಥಿತಿ ಎಂಥದೆಂದು ಅಳೆದು ಮನನ ಮಾಡಿಕೊಳ್ಳುತ್ತದೆ, ಆಗ ಬೆರಳೋ ತೇವವೋ ಮೇಲಿದ್ದರೆ ಆ ಅಳತೆಯೇ ತಪ್ಪುತ್ತದೆ. ಕೀಲಿಮಣೆಯ ನಡುವೆ ಕೆಂಪು ಚುಕ್ಕೆಯಿರುವ ಲ್ಯಾಪ್‌ಟಾಪುಗಳಲ್ಲಿಯೂ ಹೀಗೆಯೇ: ಬಾಣ ತಾನಾಗಿ ಒಂದು ದಿಕ್ಕಿಗೆ ಜಾರತೊಡಗಿದರೆ ಹಿಡಿದೆಳೆಯಬಾರದು, ಕೈ ಬಿಟ್ಟು ಕೆಲವು ಸೆಕೆಂಡು ಸುಮ್ಮನಿರಬೇಕು, ಅದು ತನ್ನ ಸೊನ್ನೆಯನ್ನು ತಾನೇ ಹುಡುಕಿಕೊಳ್ಳುತ್ತದೆ.

ರಾಮದುರ್ಗದ ಸೀರೆಯ ವ್ಯಾಪಾರಿಯೊಬ್ಬರಲ್ಲಿ ಕಂಡದ್ದು ಇದಕ್ಕಿಂತ ಭಯಂಕರ. ಮಗ್ಗದ ಮನೆಗೆ ಹೊಂದಿದ ತಗಡಿನ ಮಾಳಿಗೆಯ ಕೋಣೆಯಲ್ಲಿ ಹಗಲಿರುಳು ಚಾರ್ಜಿಗೆ ಹಚ್ಚಿಯೇ ಇಟ್ಟ ಅವರ ಲ್ಯಾಪ್‌ಟಾಪಿನ ಬ್ಯಾಟರಿ, ತಾಪಕ್ಕೂ ನಿರಂತರವಾದ ತುಂಬಿಕೆಗೂ ಒಳಗಿನ ದ್ರವ ವಿಘಟಿಸಿ ಅನಿಲವಾಗಿ, ಉಬ್ಬಿ, ಮೇಲಿದ್ದ ಟಚ್‌ಪ್ಯಾಡನ್ನು ಕೆಳಗಿನಿಂದ ಒತ್ತುತ್ತಿತ್ತು. ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟರೆ ನಾಲ್ಕು ಮೂಲೆಗಳೂ ಮೇಜನ್ನು ಮುಟ್ಟುತ್ತಿರಲಿಲ್ಲ. ಇಂಥದನ್ನು ಅದುಮಿ ಸರಿಪಡಿಸಲು ಹೋಗುವುದು ಬೆಂಕಿಯನ್ನು ಮಡಿಲಿಗೆ ಕರೆದಂತೆ. ಅವರು ಅದನ್ನು ಆರಿಸಿ, ಬಲ್ಲವನಿಂದ ಬ್ಯಾಟರಿ ತೆಗೆಸಿದರು.

ನನ್ನ ಯಂತ್ರದಲ್ಲಿ ಅರಿಸಿನವೂ ಇರಲಿಲ್ಲ, ಉಬ್ಬೂ ಇರಲಿಲ್ಲ. ಆದರೆ ಕರೆಂಟು ಹೋದಾಗಲೆಲ್ಲ ಬಾಣ ಸಾಧುವಾಗುವುದು, ಬಂದೊಡನೆ ಪುನಃ ಕುಣಿಯುವುದು ಎಂಬ ಸಂಗತಿಯನ್ನು ಗಮನಿಸಿದ ಕೀರ್ತಿ ನನ್ನ ಹೆಂಡತಿಯದು. ಚಾರ್ಜರನ್ನು ಕಿತ್ತು ನೋಡಿದೆನು: ಶಾಂತ. ಹಚ್ಚಿದೆನು: ತಾಂಡವ. ಅದರ ಜೊತೆಗೆ, ಹಚ್ಚಿದಾಗ ಲ್ಯಾಪ್‌ಟಾಪಿನ ಲೋಹದ ಅಂಚಿಗೆ ಮಣಿಕಟ್ಟು ತಗಲಿದರೆ ಇರುವೆ ಹರಿದಂಥ ಒಂದು ಜುಮ್ಮು. ಬಹಳ ದಿನಗಳಿಂದ ಅದನ್ನು ವಾತವೆಂದೇ ಎಣಿಸಲಾಗಿತ್ತು.

ಕರೆಸಿದ ವಾಯರ್‌ಮನ್ನನು ಲ್ಯಾಪ್‌ಟಾಪಿನತ್ತ ಕಣ್ಣೆತ್ತಿಯೂ ನೋಡಲಿಲ್ಲ. ಹೋಲ್ಡರಿಗೆ ಎರಡು ತಂತಿ ಕಟ್ಟಿದ ಬಲ್ಬೊಂದನ್ನು ಚೀಲದಿಂದ ತೆಗೆದು, ಗೋಡೆಯ ಸಾಕೆಟ್ಟಿನ ಫೇಸಿಗೊಂದು ನ್ಯೂಟ್ರಲಿಗೊಂದು ತಂತಿಯನ್ನು ತಾಗಿಸಿದನು. ಬಲ್ಬು ಝಗ್ಗೆಂದು ಹೊತ್ತಿತು. ನ್ಯೂಟ್ರಲಿನ ತಂತಿಯನ್ನು ಕಿತ್ತು ಮೇಲಿನ ದೊಡ್ಡ ರಂಧ್ರಕ್ಕೆ ಕೊಟ್ಟನು; ಒಳಗಿನ ಎಳೆ ಕೆಂಪಗೆ ಮಿಣುಕಿ, ಅಲ್ಲಿಗೇ ನಿಂತಿತು.

“ಮಾಸ್ತರ, ನಿಮ್ಮ ಲ್ಯಾಪ್‌ಟಾಪಿಗೆ ಏನೂ ಆಗಿಲ್ಲರಿ. ಮನಿ ಅರ್ಥಿಂಗ್ ಸತ್ತೈತಿ” ಎಂದನು.

ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ಅರ್ಥಿಂಗಿನ ಪಿನ್ನು ಉಳಿದೆರಡಕ್ಕಿಂತ ಉದ್ದವೂ ದಪ್ಪವೂ ಆಗಿರುವುದು, ಅದು ಎಲ್ಲಕ್ಕಿಂತ ಮೊದಲು ಕೂಡಿ ಕೊನೆಯಲ್ಲಿ ಅಗಲಲೆಂದು. ಚಾರ್ಜರಿನ ಒಳಗೆ ವಿದ್ಯುತ್ತಿನ ಗದ್ದಲವನ್ನು ಸೋಸಿ ಭೂಮಿಗೆ ಕಳುಹಿಸುವ ಪುಟ್ಟ ಕೆಪ್ಯಾಸಿಟರುಗಳಿರುತ್ತವೆ. ಭೂಮಿಯ ದಾರಿ ಮುಚ್ಚಿದರೆ ಸೋಸಿದ್ದೆಲ್ಲ ಯಂತ್ರದ ಮೈಮೇಲೆಯೇ ನಿಂತು, 230 ವೋಲ್ಟಿನ ಸುಮಾರು ಅರ್ಧದಷ್ಟರಲ್ಲಿ ಅದರ ಲೋಹದ ಕವಚ ತೇಲತೊಡಗುತ್ತದೆ. ಹರಿಯುವ ಪ್ರವಾಹ ಅತ್ಯಲ್ಪ, ಜುಮ್ಮೆನ್ನಿಸುವಷ್ಟೇ. ಆದರೆ ಬೆರಳಿನಿಂದಾಗುವ ಅಣುಮಾತ್ರ ಕೊರತೆಯನ್ನು ಎಣಿಸಿ ಬದುಕುವ ಫಲಕಕ್ಕೆ ಆ ಗದ್ದಲದಲ್ಲಿ ಬೆರಳು ಯಾವುದು, ಅಬ್ಬರ ಯಾವುದು ತಿಳಿಯುವ ಬಗೆ ಹೇಗೆ? ಲ್ಯಾಪ್‌ಟಾಪಿನ ಮಾತು ಹಾಗಿರಲಿ. ಇಂಥ ಮನೆಯಲ್ಲಿ ಫ್ರಿಜ್ಜಿನಿಂದಲೋ ಮಿಕ್ಸರಿನಿಂದಲೋ ಕರೆಂಟು ಸೋರಿದರೆ ಜುಮ್ಮಿಗೇ ಮುಗಿಯುವುದಿಲ್ಲವೆಂದು ವಾಯರ್‌ಮನ್ನನು ಗದರಿಸಿದ ಧ್ವನಿಯಲ್ಲಿ ಹೇಳಿದನು. ಬಾಣ ಕುಣಿದು ಕರೆದಿರದಿದ್ದರೆ ನಾವು ಆ ಸಾಕೆಟ್ಟನ್ನು ಯಾರಿಗೆ ತೋರಿಸುತ್ತಿದ್ದೆವು?

ಹಿತ್ತಲಿಗೆ ಹೋದೆವು. ಬಟ್ಟೆ ಒಗೆಯುವ ಕಲ್ಲಿನ ಹಿಂದೆ, ಸಿಮೆಂಟಿನ ಮುಚ್ಚಳದಡಿಯಲ್ಲಿ, ಅರ್ಥಿಂಗಿನ ಕೊಳವೆಯ ತುದಿ ಕಂಡಿತು. ಅದರ ಸುತ್ತಲಿನ ನೆಲ ಬಾಯಿಬಿಟ್ಟು, ಕೊಳವೆಗೂ ಮಣ್ಣಿಗೂ ನಡುವೆ ನನ್ನ ಹಸ್ತ ಇಳಿಯುವಷ್ಟು ಸೀಳು ಬಿದ್ದಿತ್ತು. ನಮ್ಮದು ಎರಿ ಮಣ್ಣು. ಜೋಳಕ್ಕೂ ಕಡಲೆಗೂ ಹತ್ತಿಗೂ ಮಾತೆಯಾದ ಈ ಕಪ್ಪು ಭೂಮಿ ಮಳೆಯಲ್ಲಿ ನೀರು ಕುಡಿದು ಊದಿಕೊಂಡು, ಬೇಸಗೆಯಲ್ಲಿ ಆರಿ ಸಂಕುಚಿಸಿ ಬಿರಿಯುವುದು ಅದರ ಜೇಡಿಯ ಸ್ವಭಾವ. ತೇವವಿರುವಷ್ಟು ಕಾಲ ವಿದ್ಯುತ್ತಿಗೆ ಇದರಂಥ ಸುಗಮವಾದ ದಾರಿ ವಿರಳ. ಒಣಗಿದರೆ ಮಣ್ಣು ಕೊಳವೆಯ ಕೈಯನ್ನು ಬಿಟ್ಟುಬಿಡುತ್ತದೆ. ಹಿಂದೆ ಗುಂಡಿ ತೋಡಿದವರು ಆಳವನ್ನು ಅರ್ಧಕ್ಕೇ ನಿಲ್ಲಿಸಿದ್ದರು. ತುಂಬಿದ ಉಪ್ಪು ಕರಗಿ ಎಂದೋ ಹೋಗಿತ್ತು. ವರ್ಷಗಟ್ಟಲೆ ಅಲ್ಲಿಗೆ ಒಂದು ಕೊಡ ನೀರೂ ಬಿದ್ದಿರಲಿಲ್ಲ. ಮಳೆಗಾಲದಲ್ಲಿ ವಿನಯ, ವೈಶಾಖದಲ್ಲಿ ಉನ್ಮಾದ ಎಂಬ ಬಾಣದ ಋತುಧರ್ಮ ಆಗ ನನಗೆ ಅರ್ಥವಾಯಿತು. ಈ ಸಲ ನೆಲವೇ ಡೊಂಕು, ಕುಣಿದವಳು ನಿರಪರಾಧಿ.

ಹೊಸ ಗುಂಡಿಯನ್ನು ಆಳಿಗಿಂತ ಆಳವಾಗಿ ತೋಡಿಸಿ, ಕೊಳವೆಯನ್ನು ನಿಲ್ಲಿಸಿ, ಇದ್ದಲಿಯ ಒಂದು ಪದರ ಹರಳುಪ್ಪಿನ ಒಂದು ಪದರದಂತೆ ತುಂಬಿ, ಮೇಲೆ ನೀರೆರೆಯಲು ಆಲಿಕೆಯಿಟ್ಟಾಯಿತು. ಕೊಡಗಟ್ಟಲೆ ಸುರಿದ ನೀರನ್ನು ಆ ನೆಲ ಸದ್ದಿಲ್ಲದೆ ಹೀರಿತು. ಬಲ್ಬು ಪೂರ್ಣವಾಗಿ ಹೊತ್ತಿತು, ಜುಮ್ಮು ಹೋಯಿತು, ಥ್ಯಾಕರೆ 1824ರಲ್ಲಿ ಒಂದೇ ಸಲ ಸತ್ತು ಲೇಖನ ಮುಗಿಯಿತು.

ಸೋದರಳಿಯನು ಮಾತ್ರ ಇಂದಿಗೂ ಒಪ್ಪಿಲ್ಲ. ಗುಂಡಿಗೆ ನೀರೆರೆದ ಸಂಜೆಯೇ ಅವನು ಬೆಂಗಳೂರಿನಿಂದ ಇನ್ನೊಂದು ಹೊಸ ಡ್ರೈವರನ್ನು ಹಾಕಿದ್ದನಾದುದರಿಂದ ಯಶಸ್ಸು ತನ್ನದೆಂಬುದು ಅವನ ವಾದ. ರಾಮದುರ್ಗದ ಬೀಗರ ಮನೆಯ ಲಗ್ನದಲ್ಲಿ “ಮಾಮಾನ ಲ್ಯಾಪ್‌ಟಾಪ್ ನಾನ ಸುದ್ದ ಮಾಡೀನಿ” ಎಂದು ನಾಲ್ಕು ಜನರ ಮುಂದೆ ಹೇಳಿಯೂ ಇದ್ದಾನೆ. ವಾಯರ್‌ಮನ್ನನಿಗೆ ಈ ವಾರ್ತೆ ಮುಟ್ಟಿಸಿದಾಗ ಅವನು ನಕ್ಕು, “ದೀಪಾವಳಿಗೆ ಬರ್ತಾನಲ್ಲರಿ, ಅರ್ಥಿಂಗ್ ವಾಯರ್ ಬಿಚ್ಚಿ ತೋರಸ್ತೀನಿ, ಆಮ್ಯಾಲ ಅವನ ಡ್ರೈವರ್ ಏನ್ ಮಾಡತೈತೋ ನೋಡೂಣು” ಎಂದನು.