ಹಿತ್ತಲ ಪ್ರವಾಸ

ಡಿಸೆಂಬರ್ ಬಂತೆಂದರೆ ನಮ್ಮ ಕಡೆಯ ಶಾಲೆಗಳಲ್ಲಿ ಪ್ರವಾಸದ ಗದ್ದಲ. ಬಸ್ಸು ಯಾವುದು, ತಲೆಗೆಷ್ಟು, ಬೇಲೂರು-ಹಳೇಬೀಡೋ ಮೈಸೂರು-ಊಟಿಯೋ ಎಂಬ ಚರ್ಚೆ. ದುಡ್ಡು ಹೊಂದಿಸಲಾಗದ ಮನೆಯ ನಾಲ್ಕಾರು ಮಕ್ಕಳಿಗೆ ಸರಿಯಾಗಿ ಆ ಎರಡು ದಿನವೇ ಜ್ವರ ಬರುತ್ತದೆ. ಇಪ್ಪತ್ತೆಂಟು ವರ್ಷ ವಿಜ್ಞಾನ ಪಾಠ ಹೇಳಿದ ನನಗೆ ಈ ಜ್ವರ ಗುರುತಿಸಲು ಥರ್ಮಾಮೀಟರ್ ಬೇಕಾಗಿಲ್ಲ. ಹಾಗೆ ಉಳಿದುಕೊಂಡ ಮಕ್ಕಳನ್ನು ಕಟ್ಟಿಕೊಂಡು ಒಂದು ಭಾನುವಾರ ಊರು ಸುತ್ತಲು ಹೊರಟೆ. ಅದೇ ಅಭ್ಯಾಸವಾಯಿತು. ಈಗ ಊಟಿಗೆ ಹೋಗಿಬಂದವರೂ ಬರುತ್ತಾರೆ, ಕೆಲವರ ಅಪ್ಪ ಅಮ್ಮಂದಿರೂ ಬರುತ್ತಾರೆ.

ಬೆಂಗಳೂರು ಗ್ರಾಮಾಂತರ ಜಿಲ್ಲೆ ಹುಟ್ಟಿದ್ದು 1986ರಲ್ಲಿ. 2007ರಲ್ಲಿ ರಾಮನಗರ ಬೇರೆಯಾದ ಮೇಲೆ ನಮ್ಮ ಪಾಲಿಗೆ ಉಳಿದದ್ದು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ. ಹೊರಗಿನವರಿಗೆ ಇವೆಲ್ಲ ದಾಟಿ ಹೋಗುವ ಊರುಗಳು. ನಂದಿಬೆಟ್ಟಕ್ಕೆ ಹೊರಟವರು ದೇವನಹಳ್ಳಿಯನ್ನು, ಕೋಲಾರಕ್ಕೆ ಹೊರಟವರು ಹೊಸಕೋಟೆಯನ್ನು, ತುಮಕೂರಿಗೆ ಹೊರಟವರು ನೆಲಮಂಗಲವನ್ನು ಬಸ್ಸಿನ ಕಿಟಕಿಯಲ್ಲೇ ನೋಡಿ ಮುಗಿಸುತ್ತಾರೆ. ಅದು ಹೋಗಲಿ. ಇಲ್ಲೇ ಹುಟ್ಟಿ ಬೆಳೆದ ಮಕ್ಕಳು "ನಮ್ಮೂರಲ್ಲಿ ನೋಡೋಕೆ ಏನಿದೆ ಸಾರ್?" ಎಂದಾಗ ಮಾತ್ರ ಕಸಿವಿಸಿಯಾಗುತ್ತದೆ. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ದೊಡ್ಡಬಳ್ಳಾಪುರದ ಮಕ್ಕಳಿಗೆ ನಾನು ಮೊದಲು ತೋರಿಸುವುದು ಮಗ್ಗದ ಬೀದಿ. ಇಲ್ಲಿ ಕೆಲವು ಓಣಿಗಳಲ್ಲಿ ಮಾತಾಡಬೇಕಾದರೆ ಕೂಗಬೇಕು; ಮನೆಮನೆಯಿಂದಲೂ ವಿದ್ಯುತ್ ಮಗ್ಗದ ಟಕಟಕ ಸದ್ದು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಅಪ್ಪನ ಕೆಲಸ ಕೇಳಿದಾಗಲೆಲ್ಲ 'ಬಿಸಿನೆಸ್' ಎನ್ನುತ್ತಿದ್ದಳು. ಆ ಭಾನುವಾರ ನಾವು ನುಗ್ಗಿದ್ದು ಅವರ ಮನೆಗೇ. ನಾಲ್ಕು ಮಗ್ಗ, ಅಡುಗೆಮನೆಗೂ ಮಗ್ಗಕ್ಕೂ ನಡುವೆ ಒಂದು ಗೋಡೆ. ಅವಳಪ್ಪ ಒಂದು ಮಗ್ಗ ನಿಲ್ಲಿಸಿ ಹಾಸು ಯಾವುದು, ಹೊಕ್ಕು ಯಾವುದು, ಲಾಳಿಯೊಳಗೆ ಕಂಡಿಕೆ ಹೇಗೆ ಕೂರುತ್ತದೆ ಎಂದು ತೋರಿಸಿದರು. 'ಹಾಸುಹೊಕ್ಕು' ಎಂಬ ಮಾತನ್ನು ಕನ್ನಡ ಪಾಠದಲ್ಲಿ ನೂರು ಸಲ ಓದಿದ್ದ ಮಕ್ಕಳು ಅದನ್ನು ಕಣ್ಣಾರೆ ಕಂಡದ್ದು ಅಂದೇ.

ನನ್ನ ಕಣ್ಣು ಮಗ್ಗದ ಮೇಲೆ ಕೂತ ಜಕಾರ್ಡ್ ಪೆಟ್ಟಿಗೆಯ ಮೇಲಿತ್ತು. ತೂತು ಹೊಡೆದ ರಟ್ಟಿನ ಕಾರ್ಡುಗಳನ್ನು ಮಾಲೆಯಂತೆ ಪೋಣಿಸಿ ಅದಕ್ಕೆ ತೊಡಿಸಿರುತ್ತಾರೆ. ತೂತು ಇದ್ದಲ್ಲಿ ಸೂಜಿ ಒಳಗೆ ಹೋಗುತ್ತದೆ, ಅದರ ಕೊಕ್ಕೆ ಮೇಲೇಳುತ್ತದೆ, ಆ ಕೊಕ್ಕೆಗೆ ಕಟ್ಟಿದ ಹಾಸಿನ ಎಳೆಯೂ ಏಳುತ್ತದೆ. ತೂತು ಇಲ್ಲದಿದ್ದರೆ ಎಳೆ ಕೆಳಗೇ ಉಳಿಯುತ್ತದೆ. ಒಂದು ಕಾರ್ಡಿಗೆ ಒಂದು ಸಲ ಲಾಳಿಯ ಓಟ. ಸೆರಗಿನ ನವಿಲಾಗಲಿ, ಅಂಚಿನ ಮಾವಿನಕಾಯಿಯಾಗಲಿ, ಎಲ್ಲವೂ 'ಇದೆ-ಇಲ್ಲ' ಎಂಬ ಎರಡೇ ಮಾತಿನಲ್ಲಿ ಬರೆದದ್ದು. ಫ್ರಾನ್ಸಿನ ಜೋಸೆಫ್ ಮರೀ ಜಕಾರ್ಡ್ ಈ ಯಂತ್ರ ರೂಪಿಸಿದ್ದು 1804ರ ಸುಮಾರಿಗೆ. ಅದನ್ನು ನೋಡಿಯೇ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೂ ತೂತಿನ ಕಾರ್ಡು ಬಳಸಲು ಯೋಚಿಸಿದ. 1890ರ ಅಮೆರಿಕದ ಜನಗಣತಿಯನ್ನು ಹರ್ಮನ್ ಹಾಲೆರಿತ್ ಇಂಥದೇ ಕಾರ್ಡುಗಳಲ್ಲಿ ಎಣಿಸಿದ. ಅವನ ಕಂಪನಿ ಬೇರೆ ಕಂಪನಿಗಳ ಜತೆ ಸೇರಿ ಮುಂದೆ ಐಬಿಎಂ ಆಯಿತು.

ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಹುಡುಗಿಯ ಅಪ್ಪ ಟವಲಿನಿಂದ ಮುಖ ಒರೆಸಿಕೊಂಡು, "ಅಂಗಾದ್ರೆ ಮೇಷ್ಟ್ರೇ, ಕಂಪ್ಯೂಟ್ರು ಮಾಡಿದೋರು ನಮ್ಮ ಮಗ್ಗ ನೋಡೇ ಕಲ್ತಿದ್ದು ಅನ್ನಿ" ಎಂದರು. ಹುಡುಗಿ ಅಪ್ಪನನ್ನೇ ನೋಡುತ್ತಿದ್ದಳು. ಅದಾದ ಮೇಲೆ ಅವಳ ಬಾಯಲ್ಲಿ 'ಬಿಸಿನೆಸ್' ಎಂಬ ಮಾತನ್ನು ನಾನು ಕೇಳಿಲ್ಲ.

ಪಕ್ಕದ ಮನೆಯಲ್ಲಿ ಎಲೆಕ್ಟ್ರಾನಿಕ್ ಜಕಾರ್ಡ್ ಬಂದಿದೆ. ಡಿಸೈನು ಪೆನ್‌ಡ್ರೈವಿನಲ್ಲಿ ಬರುತ್ತದೆ, ರಟ್ಟಿನ ಕಾರ್ಡಿನ ಕಟ್ಟುಗಳು ಗುಜರಿಗೆ ಹೋಗುತ್ತವೆ. ಮೊಮ್ಮಗ ತಾತನ ಮನೆಗೆ ಬಂದು ತಾತನನ್ನೇ ಹೊರಗೆ ಕಳಿಸಿದಂತೆ. ಸೂರತ್ತಿನ ಅಗ್ಗದ ಸೀರೆ, ಏರುವ ನೂಲಿನ ಬೆಲೆ ಇವುಗಳ ನಡುವೆ ಮಗ್ಗ ಮಾರಿದವರೂ ಉಂಟು. ಗುಜರಿಗೆ ಹೋಗುವ ಮುನ್ನ ಅಂಥ ಒಂದು ಕಾರ್ಡಿನ ಮಾಲೆಯನ್ನು ನಮ್ಮ ಪ್ರಯೋಗಶಾಲೆಗೆ ಬೇಡಿ ತಂದಿದ್ದೇನೆ. ದ್ವಿಮಾನ ಪದ್ಧತಿ ಕಲಿಸಲು ಅದಕ್ಕಿಂತ ಒಳ್ಳೆಯ ಉಪಕರಣ ನನಗೆ ಸಿಕ್ಕಿಲ್ಲ.

ಬೀದಿ ಮುಗಿದ ಮೇಲೆ ಚರಂಡಿಯ ಜಾಡು ಹಿಡಿದು ಕೆರೆಯ ಕಡೆ ನಡೆಯುವುದು ರೂಢಿ. ನಮ್ಮ ಮಕ್ಕಳಲ್ಲಿ ಅನೇಕರಿಗೆ ದೊಡ್ಡಬಳ್ಳಾಪುರ ನದೀತೀರದ ಊರು ಎಂಬುದೇ ಗೊತ್ತಿಲ್ಲ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ಒಂದು ಕೆರೆ ತುಂಬಿ ಕೋಡಿ ಹರಿದು ಮುಂದಿನ ಕೆರೆಗೆ, ಅಲ್ಲಿಂದ ಮತ್ತೊಂದಕ್ಕೆ ಎಂದು ಇಳಿಯುತ್ತ ಹೆಸರಘಟ್ಟ, ತಿಪ್ಪಗೊಂಡನಹಳ್ಳಿ ದಾಟಿ ಕನಕಪುರದಾಚೆಯ ಸಂಗಮದಲ್ಲಿ ಕಾವೇರಿ ಸೇರಬೇಕು. ಸೇರಬೇಕು ಎಂದು ಬರೆಯುತ್ತಿದ್ದೇನೆ. ನಮ್ಮ ಭಾಗದಲ್ಲಿ ಅದು ಹರಿಯುವುದು ಜೋರು ಮಳೆಯ ವರ್ಷಗಳಲ್ಲಿ ಮಾತ್ರ. ಉಳಿದಂತೆ ಪಟ್ಟಣದ ಕೆಳಗಿನ ಕೆರೆಗಳಿಗೆ ಬರುವುದು ಪಟ್ಟಣ ಬಿಟ್ಟ ನೀರು. ಒಳಚರಂಡಿ ಮತ್ತು ಕಾರ್ಖಾನೆಗಳ ತ್ಯಾಜ್ಯದಿಂದ ಕೆರೆ, ಕೊಳವೆಬಾವಿ ಕೆಟ್ಟಿವೆ ಎಂದು ದೊಡ್ಡತುಮಕೂರು, ಮಜರಾಹೊಸಹಳ್ಳಿ ಕಡೆಯ ಜನ ವರ್ಷಗಟ್ಟಲೆ ಹೋರಾಟ ಮಾಡಿದ್ದು ಪತ್ರಿಕೆ ಓದುವವರಿಗೆಲ್ಲ ಗೊತ್ತಿದೆ.

ಆ ಭಾನುವಾರ ನಮ್ಮ ಗುಂಪಿನಲ್ಲಿ ಕೆಳಗಿನ ಹಳ್ಳಿಯ ಹುಡುಗನೊಬ್ಬನಿದ್ದ. ಕೆರೆ ಏರಿಯ ಮೇಲೆ ನಿಂತು ಮೂಗು ಮುಚ್ಚಿಕೊಂಡವರಲ್ಲಿ ಅವನಿರಲಿಲ್ಲ. ಅವನಿಗೆ ಆ ವಾಸನೆ ಅಭ್ಯಾಸ. ನೇಕಾರರ ಹುಡುಗಿಯ ಕಡೆ ತಿರುಗಿ, "ನಿಮ್ಮನೆ ಬಣ್ಣದ ನೀರು ಎಲ್ಲಿಗೆ ಹೋಗ್ತದೆ?" ಎಂದು ಕೇಳಿಯೇಬಿಟ್ಟ.

"ನಮ್ಮನೇಲಿ ಬಣ್ಣ ಹಾಕಲ್ಲ. ಬಣ್ಣದ ನೂಲು ತರ್ತೀವಿ" ಎಂದಳು. ಸ್ವಲ್ಪ ಹೊತ್ತು ಬಿಟ್ಟು ತಾನೇ, "ತರೋದು ಬಣ್ಣ ಹಾಕೋರ ಹತ್ರಾನೇ" ಎಂದಳು.

ಅಲ್ಲಿ ಭಾಷಣ ಮಾಡಲು ನನಗೆ ಮನಸ್ಸಾಗಲಿಲ್ಲ. ಚೀಲದಲ್ಲಿ ಬಿಳಿ ಬಣ್ಣ ಬಳಿದ ಒಂದು ಹಳೆಯ ತಟ್ಟೆ, ಗಂಟು ಹಾಕಿದ ಹಗ್ಗ ಇತ್ತು. ತಟ್ಟೆಯನ್ನು ನೀರಿಗೆ ಇಳಿಸುತ್ತ ಹೋಗಿ, ಎಷ್ಟನೇ ಗಂಟಿಗೆ ಕಣ್ಮರೆಯಾಯಿತು ಎಂದು ಬರೆದುಕೊಳ್ಳುವುದು. ಇಟಲಿಯ ಸೆಕ್ಕಿ ಎಂಬ ಪಾದ್ರಿ 1865ರಲ್ಲಿ ಸಮುದ್ರದಲ್ಲಿ ಮಾಡಿದ ಪ್ರಯೋಗ ಇದು, ಖರ್ಚು ಏನೂ ಇಲ್ಲ. ನಮ್ಮ ತಟ್ಟೆ ಮೊದಲ ಗಂಟಿಗೂ ಮುನ್ನವೇ ಕಾಣದಾಯಿತು. ಮುಂದಿನ ತಿಂಗಳು ಅವರಿಬ್ಬರೂ ಸೇರಿ ಬೀದಿಯಿಂದ ಕೆರೆಯವರೆಗೆ ಚರಂಡಿಯ ನಕ್ಷೆ ಬರೆದು ತಂದರು. ಒಬ್ಬ ಪೋಷಕರು ಬಂದು, "ಮಕ್ಕಳಿಗೆ ಇದೆಲ್ಲ ಯಾಕೆ ಸಾರ್, ಪಾಠ ಮಾಡಿ ಸಾಕು" ಎಂದರು. ಪಾಠವೇ ಇದು ಎಂದೆ. ಬಣ್ಣದ ನೀರನ್ನು ಶುದ್ಧಮಾಡುವ ವಿಧಾನ ಜಗತ್ತಿಗೆ ಗೊತ್ತಿಲ್ಲದ್ದೇನೂ ಅಲ್ಲ. ಅದರ ಖರ್ಚು ಯಾರದು ಎಂಬಲ್ಲಿ ಎಲ್ಲ ನಿಂತಿದೆ. ಅದನ್ನು ನಾಲ್ಕು ಮಗ್ಗದ ನೇಕಾರನ ತಲೆಗೆ ಕಟ್ಟುವುದು ನ್ಯಾಯವಲ್ಲ, ಕೆಳಗಿನ ಊರಿನ ಬಾವಿಗೆ ಕಟ್ಟುವುದು ಅದಕ್ಕಿಂತ ಅನ್ಯಾಯ. ನಕ್ಷೆ ಇನ್ನೂ ತರಗತಿಯ ಗೋಡೆಯ ಮೇಲಿದೆ.

ಇದೇ ನದಿಯ ಬೇರೊಂದು ಮುಖ ನೋಡಬೇಕಾದರೆ ಹೆಸರಘಟ್ಟಕ್ಕೆ ಹೋಗಬೇಕು. ನಮ್ಮ ಜಿಲ್ಲೆಯ ಗಡಿಯಾಚೆಗಿದ್ದರೂ ಅಲ್ಲಿಗೆ ಹರಿದದ್ದು ನಮ್ಮದೇ ನೀರು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ ಇಲ್ಲಿಂದ ಬೆಂಗಳೂರಿಗೆ ನೀರು ಕೊಡುವ ಚಾಮರಾಜೇಂದ್ರ ಜಲಾಗರದ ಯೋಜನೆ ರೂಪುಗೊಂಡಿತು. ಕೆರೆಯಿಂದ ಸೋಲದೇವನಹಳ್ಳಿಯವರೆಗೆ ಇಟ್ಟಿಗೆಯ ಕಾಲುವೆ. ಅಷ್ಟು ದೂರ ನೀರು ಯಾವ ಯಂತ್ರವೂ ಇಲ್ಲದೆ, ಬರೀ ಇಳಿಜಾರಿನಿಂದ ಹರಿಯುತ್ತಿತ್ತು. ಅಲ್ಲಿಂದ ಮುಂದೆ ಎತ್ತರದ ನಗರಕ್ಕೆ ಅದನ್ನು ಏರಿಸಲು ಉಗಿಯಂತ್ರದ ಪಂಪು. ಇಳಿಜಾರು ಹೆಚ್ಚಾದರೆ ಕಾಲುವೆ ಕೊರೆಯುತ್ತದೆ, ಕಡಿಮೆಯಾದರೆ ಹೂಳು ತುಂಬುತ್ತದೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಅದನ್ನು ಅಳೆದು ಕಟ್ಟಿದವರ ಕೈಗೆ ಮುಗಿಯಬೇಕು. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಆಯಿತು, ಅದೂ ಅರ್ಕಾವತಿಯದೇ. 1974ರಲ್ಲಿ ಕಾವೇರಿ ಬಂದ ಮೇಲೆ ನಗರಕ್ಕೆ ಈ ನದಿಯ ನೆನಪು ಮಾಸಿತು.

ಹಿಂತಿರುಗುವಾಗ ಹೆಸರಘಟ್ಟ ರಸ್ತೆಯಲ್ಲಿ ಸಿಲುವೆಪುರದ ಚರ್ಚಿನ ನೆರಳಲ್ಲಿ ಬುತ್ತಿ ಬಿಚ್ಚುತ್ತೇವೆ. ಸಿಲುವೆ ಎಂದರೆ ಶಿಲುಬೆ. ದೂರದ ಸಿರಿಯಾಕ್ ಭಾಷೆಯಿಂದ ತಮಿಳಿನ ಮೂಲಕ ನಮ್ಮಲ್ಲಿಗೆ ಬಂದ ಶಬ್ದ. 1876-78ರ ಮಹಾಕ್ಷಾಮದಲ್ಲಿ ಅನಾಥರಾದ ಮಕ್ಕಳನ್ನು ಕಥೋಲಿಕ ಪಾದ್ರಿಗಳು ಜಮೀನು ಕೊಟ್ಟು ನೆಲೆಗೊಳಿಸಿದ ಊರು ಇದು. ಅಲ್ಲಿ ನಾನು ಮಕ್ಕಳಿಗೆ ವಾಸ್ತುಶಿಲ್ಪ ಹೇಳುವುದಿಲ್ಲ. ನಿಮ್ಮ ವಯಸ್ಸಿನ ಮಕ್ಕಳು ಇಲ್ಲಿಗೆ ಯಾವ ಸ್ಥಿತಿಯಲ್ಲಿ ಬಂದಿರಬಹುದು, ಯೋಚಿಸಿ ಎನ್ನುತ್ತೇನೆ. ಅಷ್ಟಕ್ಕೆ ಗದ್ದಲ ತಾನಾಗಿ ತಗ್ಗುತ್ತದೆ. ಆ ಕ್ಷಾಮ ಕಳೆದು ಇಪ್ಪತ್ತು ವರ್ಷದೊಳಗೇ ಹೆಸರಘಟ್ಟದ ಯೋಜನೆ ಬಂದದ್ದನ್ನು ಕಾಲರೇಖೆ ಬರೆದ ಮಕ್ಕಳೇ ಗುರುತಿಸಿದ್ದಾರೆ.

ದೇವನಹಳ್ಳಿಗೆ ರೈಲಿನಲ್ಲಿ ಹೋಗುವುದು ಚೆನ್ನ. 1915ರ ಸುಮಾರಿಗೆ ಈ ಮಾರ್ಗದಲ್ಲಿ ಎರಡೂವರೆ ಅಡಿ ಅಗಲದ ಪುಟ್ಟ ಹಳಿಯ ಮೇಲೆ ರೈಲು ಓಡಲಾರಂಭಿಸಿತು. ದೊಡ್ಡಜಾಲ, ದೇವನಹಳ್ಳಿ, ಅವತಿ, ನಂದಿಗಳಲ್ಲಿ ಆ ಕಾಲದ ಪುಟ್ಟ ನಿಲ್ದಾಣಗಳಿವೆ, ಹೆಂಚಿನ ಮಾಡು, ದಪ್ಪ ಗೋಡೆ. 1990ರ ದಶಕದಲ್ಲಿ ಹಳಿ ಐದೂವರೆ ಅಡಿಯದಾಯಿತು. ಕೋಟೆ 1501ರಲ್ಲಿ ಮಲ್ಲಭೈರೇಗೌಡ ಕಟ್ಟಿಸಿದ ಮಣ್ಣಿನದು, ಆಮೇಲೆ ಹೈದರ್-ಟಿಪ್ಪು ಕಾಲದಲ್ಲಿ ಕಲ್ಲಿನದಾಯಿತು, 1791ರಲ್ಲಿ ಕಾರ್ನ್‌ವಾಲಿಸನ ಸೇನೆಯ ಕೈಸೇರಿತು. ಬುರುಜುಗಳು ಏಕೆ ಗುಂಡಗಿವೆ ಎಂದು ಕೇಳಿ, ಉತ್ತರ ಮಕ್ಕಳಿಂದಲೇ ಬರಲಿ. ಚೌಕದ ಮೂಲೆಗೆ ಗುಂಡು ಬಿದ್ದರೆ ಏನಾಗುತ್ತದೆ ಎಂದರೆ ಸಾಕು.

ನನಗೆ ಕೋಟೆಗಿಂತ ಮುಖ್ಯ ಚಕ್ಕೋತ. ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಮಕ್ಕಳು ಅದನ್ನು ದೊಡ್ಡ ಹುಳಿಹಣ್ಣು ಎಂದುಕೊಂಡಿರುತ್ತಾರೆ. ಆದರೆ ನಾವು ತಿನ್ನುವ ಕಿತ್ತಳೆ ಹುಟ್ಟಿದ್ದು ಚಕ್ಕೋತ ಮತ್ತು ಮ್ಯಾಂಡರಿನ್ ಜಾತಿಯ ಹಣ್ಣುಗಳ ಬೆರಕೆಯಿಂದ. ಪಾಶ್ಚಾತ್ಯರು ಬೆಳಗಿನ ತಿಂಡಿಗೆ ತಿನ್ನುವ ಗ್ರೇಪ್‌ಫ್ರೂಟ್ ಸಹ ಇದರ ಮಗುವೇ. ಅಂದರೆ ನಮ್ಮ ಹಿತ್ತಲಲ್ಲಿರುವುದು ಕಿತ್ತಳೆಯ ತಾಯಿ. ಆ ಹಿತ್ತಲೇ ಕರಗುತ್ತಿದೆ. 2008ರಲ್ಲಿ ಶುರುವಾದ ವಿಮಾನ ನಿಲ್ದಾಣಕ್ಕೆ ಹೋದದ್ದು ಸುಮಾರು 4000 ಎಕರೆ. ಅದರ ಸುತ್ತ ನಿವೇಶನವಾದ ತೋಟಗಳ ಲೆಕ್ಕ ಬೇರೆ. ಚನ್ನರಾಯಪಟ್ಟಣ ಹೋಬಳಿಯ ರೈತರು 1777 ಎಕರೆ ಬಿಟ್ಟುಕೊಡುವುದಿಲ್ಲವೆಂದು 2022ರಿಂದ ಮೂರು ವರ್ಷ ಧರಣಿ ಕೂತ ಮೇಲೆ, 2025ರ ಜುಲೈನಲ್ಲಿ ಸರ್ಕಾರ ಆ ಸ್ವಾಧೀನ ಕೈಬಿಡುವುದಾಗಿ ಹೇಳಿತು. ಚಕ್ಕೋತದ ಗಿಡ ಹಳೆಯ ಮನೆಯ ಬಚ್ಚಲ ನೀರಿಗೇ ಬೆಳೆದು ನಿಂತಿರುವುದನ್ನು ಕಂಡಿದ್ದೇನೆ. ಕಂಡಲ್ಲೆಲ್ಲ ಮನೆಯವರನ್ನು ಕೇಳಿ ಗೂಟಿ ಕಟ್ಟಿ ತರುತ್ತೇವೆ; ಶಾಲೆಯ ಹಿಂದೆ ಈಗ ಐದು ಗಿಡಗಳಿವೆ.

ಹೊಸಕೋಟೆ ಕೆರೆಗೆ ಚಳಿಗಾಲದ ಮುಂಜಾನೆ ಹೋಗಿ, ಹಕ್ಕಿ ನೋಡಲು. ಶಿವಗಂಗೆ ಬೆಟ್ಟ ಹತ್ತಲು ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಅಲ್ಲಿ ಅಭಿಷೇಕದ ತುಪ್ಪ ಬೆಣ್ಣೆಯಾಗುತ್ತದೆಂಬ ನಂಬಿಕೆ ಇದೆ, ಮಕ್ಕಳು "ನಿಜವಾ ಸಾರ್?" ಎಂದೇ ಕೇಳುತ್ತಾರೆ. ನಾನು ಹೌದು, ಇಲ್ಲ ಎನ್ನುವುದಿಲ್ಲ. ತುಪ್ಪವನ್ನು ತಣ್ಣೀರಿನಲ್ಲಿ ಮತ್ತೆ ಮತ್ತೆ ಉಜ್ಜಿ ನೋಡಿ ಎನ್ನುತ್ತೇನೆ. ನೀರಿನ ಹನಿಗಳು ಕೊಬ್ಬಿನೊಳಗೆ ಸಿಕ್ಕಿ ಅದು ಬೆಳ್ಳಗೆ, ಬೆಣ್ಣೆಯಂತೆ ಮೆತ್ತಗಾಗುತ್ತದೆ. ಆಯುರ್ವೇದದವರು ನೂರು ಸಲ ತೊಳೆದ ಇಂಥ ತುಪ್ಪವನ್ನು ಶತಧೌತ ಘೃತ ಎನ್ನುತ್ತಾರೆ. ಮಾರನೆಯ ದಿನ ಎರಡು ಮೂರು ಮನೆಗಳಿಂದ ತುಪ್ಪ ಹಾಳಾಯಿತೆಂದು ತಾಯಂದಿರ ದೂರು ಬರುವುದು ಖಂಡಿತ.

ಖರ್ಚಿನ ಬಗ್ಗೆ ಪೋಷಕರು ಕೇಳುತ್ತಾರೆ. ಬಸ್ಸು-ರೈಲಿನ ಚಾರ್ಜು, ಒಂದು ಹೊತ್ತಿನ ಬುತ್ತಿ, ನೀರಿನ ಬಾಟಲಿ, ಗೆರೆಯಿಲ್ಲದ ನೋಟುಪುಸ್ತಕ, ಟೋಪಿ. ರೈಲು ಹಳಿಯ ಮೇಲೆ ನಡೆಯಬಾರದು, ಕೆರೆಗೆ ಇಳಿಯಬಾರದು, ಈ ಎರಡಕ್ಕೆ ನಮ್ಮಲ್ಲಿ ರಿಯಾಯಿತಿ ಇಲ್ಲ. ಬರುವ ಭಾನುವಾರ ಅವತಿಗೆ ಹೊರಟಿದ್ದೇವೆ. ಹಳೆಯ ನಿಲ್ದಾಣದ ಗೋಡೆಯ ದಪ್ಪ ಅಳೆಯಲು ಟೇಪು ತರುವ ಜವಾಬ್ದಾರಿ ಕೆಳಗಿನ ಹಳ್ಳಿಯ ಹುಡುಗನದು. ನಕ್ಷೆಯ ಹಾಳೆ ನೇಕಾರರ ಮನೆಯ ಹುಡುಗಿಯದು. ಜತೆಗೆ ಅಪ್ಪನನ್ನೂ ಕರೆತರುತ್ತೇನೆ ಎಂದಿದ್ದಾಳೆ.