ಆರಾಮಕುರ್ಚಿಯ ಮುಖ

ನಮ್ಮ ಮನೆಯ ಪಡಸಾಲೆಯ ಕೆಂಪು ಗಾರೆ ನೆಲದಲ್ಲಿ, ಪಡುವಣ ಗೋಡೆಯ ಬಳಿ, ರೂಪಾಯಿಯಗಲದ ನಾಲ್ಕು ಕಲೆಗಳಿವೆ. ಬಂದವರು ಯಾರಾದರೂ ಅವೇನೆಂದು ಕೇಳಿದರೆ ಹೇಳೋಣವೆಂದು ನಾನು ಬಹುಕಾಲ ಕಾದೆ. ಯಾರೂ ಕೇಳಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ಅವು ನಮ್ಮ ಮೊದಲನೆಯ ಟೆಲಿವಿಷನ್ನು ಕಾಲೂರಿ ನಿಂತಿದ್ದ ಗುರುತು.

ದೆಹಲಿಯಲ್ಲಿ 1959ರಲ್ಲೇ ಪ್ರಯೋಗಾರ್ಥವಾಗಿ ಆರಂಭವಾದ ಟೆಲಿವಿಷನ್ನಿಗೆ ಬೆಂಗಳೂರಿನ ದಾರಿ ಸಿಕ್ಕಿದುದು 1981ರಲ್ಲಿ. ಅಲ್ಲಿಂದ ಬಸವನಗುಡಿಯ ನಮ್ಮ ಮನೆಗೆ ಬರಲು ಅದಕ್ಕೆ ಮತ್ತೆರಡು ವರ್ಷ ಹಿಡಿಯಿತು. ಬಂದದ್ದಾದರೂ ಯಂತ್ರದ ವೇಷದಲ್ಲಲ್ಲ, ಮರದ ಸಾಮಾನಿನ ವೇಷದಲ್ಲಿ. ನಾಲ್ಕು ಕಾಲು, ಮೆರುಗೆಣ್ಣೆಯ ಪೆಟ್ಟಿಗೆ, ಎಡಕ್ಕೂ ಬಲಕ್ಕೂ ಸರಿಯುವ ಬಾಗಿಲು, ಬಾಗಿಲಿಗೆ ಬೀಗ. ಮಕ್ಕಳ ಪರೀಕ್ಷೆ ಹತ್ತಿರವಾದಾಗ ಆ ಬೀಗದ ಕೈ ನಮ್ಮ ತಂದೆಯವರ ಜನಿವಾರವನ್ನು ಸೇರುತ್ತಿತ್ತು. ದೇವರ ಪೆಟ್ಟಿಗೆಗೆ ಕೂಡ ನಮ್ಮಲ್ಲಿ ಬೀಗವಿರಲಿಲ್ಲ!

ಬಂದ ಒಂದು ವಾರದೊಳಗೆ ಅದರ ನೆತ್ತಿಯ ಮೇಲೆ ನನ್ನ ಹೆಂಡತಿ ಹೆಣೆದ ಕ್ರೋಷಾ ಹೊದಿಕೆ ಬಿದ್ದಿತು. ಹೊದಿಕೆಯ ಮೇಲೆ ಚನ್ನಪಟ್ಟಣದ ಗೊಂಬೆ, ಗೊಂಬೆಯ ಪಕ್ಕದಲ್ಲಿ ಕನ್ನಡಕದ ಡಬ್ಬಿ, ಅದರ ಕೆಳಗೆ ಹಾಲಿನವನ ಲೆಕ್ಕದ ಚೀಟಿ. ಕಳೆದುಹೋದ ವಸ್ತುವೆಲ್ಲ ಅಲ್ಲಿಯೇ ಸಿಕ್ಕುತ್ತಿತ್ತು. ಒಳಗಿನ ಚಿತ್ರಕ್ಕಿಂತ ಮೇಲಿನ ಜಾಗವೇ ಹೆಚ್ಚು ಉಪಯೋಗವೆಂದು ನಮ್ಮ ತಾಯಿ ಹೇಳುತ್ತಿದ್ದಳು.

ಆದರೆ ಈ ಹೊಸ ಸಾಮಾನು ಉಳಿದ ಸಾಮಾನುಗಳಂತೆ ಹೇಳಿದ ಕಡೆ ನಿಲ್ಲುವ ಜಾತಿಯದಲ್ಲ. ಕಿಟಕಿಯ ಬೆಳಕು ಗಾಜಿನ ಮೇಲೆ ಬೀಳಕೂಡದು. ಮಾಳಿಗೆಯ ಮೇಲಿನ ಏರಿಯಲ್ಲಿನಿಂದ ಇಳಿದ ತಂತಿ ನಿಲುಕಬೇಕು. ಹಿಂದಕ್ಕೆ ಚಾಚಿಕೊಂಡ ಬೆನ್ನಿಗೆ ಜಾಗ ಬೇಕು. ಆ ಕಾಲದ ಚಿತ್ರನಳಿಗೆಯಲ್ಲಿ ಎಲೆಕ್ಟ್ರಾನುಗಳು ಹಿಂದಿನ ಕತ್ತಿನಿಂದ ಹೊರಟು ಮುಂದಿನ ಗಾಜನ್ನೆಲ್ಲ ಸವರಬೇಕಾಗಿದ್ದುದರಿಂದ, ಮುಖ ಅಗಲವಾದಷ್ಟೂ ಬೆನ್ನು ಉದ್ದವಾಗುತ್ತಿತ್ತು. ಹೀಗಾಗಿ ಅದಕ್ಕೆ ಒಪ್ಪಿದ್ದು ಪಡುವಣ ಗೋಡೆಯೊಂದೇ. ಬೀದಿಯ ಬಾಗಿಲು ಮೂಡಣಕ್ಕೆ. ಟೆಲಿವಿಷನ್ ನೋಡಬೇಕಾದರೆ ಮನೆಯವರೆಲ್ಲ ಬಾಗಿಲಿಗೆ ಬೆನ್ನು ಮಾಡಿ ಕೂರಬೇಕು.

ಬೆತ್ತದ ಕುರ್ಚಿಗಳು ತಕರಾರಿಲ್ಲದೆ ತಿರುಗಿದವು. ಬೆಂಚು ಹಿಂದಕ್ಕೆ ಸರಿಯಿತು. ಉಳಿದದ್ದು ಅಣ್ಣನ ಆರಾಮಕುರ್ಚಿ. ತಂದೆಯವರನ್ನು ನಾವು ಅಣ್ಣನೆಂದೇ ಕರೆಯುತ್ತಿದ್ದೆವು. ಪಟ್ಟೆ ಬಟ್ಟೆ, ಉದ್ದನೆಯ ತೋಳು, ಎಡದ ತೋಳಿನ ಮೇಲೆ ಕಾಫಿ ಲೋಟದ ವೃತ್ತ; ಅದು ನನಗೆ ಬುದ್ಧಿ ಬಂದಾಗಿನಿಂದ ಬೀದಿಯ ಬಾಗಿಲಿಗೆ ಮುಖ ಮಾಡಿಕೊಂಡಿತ್ತು. ಗೇಟಿನ ಕೊಂಡಿ ಸದ್ದಾಗುವ ಮುಂಚೆಯೇ "ಬನ್ನಿ, ಬನ್ನಿ" ಎಂದು ಅಲ್ಲಿಂದ ಕೂಗು ಹೊರಡುತ್ತಿತ್ತು. ಅದನ್ನು ಎತ್ತಿ ತಿರುಗಿಸಿದವನು ನಾನೇ. ಅಣ್ಣ ಏನೂ ಹೇಳಲಿಲ್ಲ. ಹೇಳದಿದ್ದುದನ್ನು ಒಪ್ಪಿಗೆ ಎಂದುಕೊಂಡೆ. ಮಕ್ಕಳು ಸಾಮಾನ್ಯವಾಗಿ ಮಾಡುವ ತಪ್ಪು ಇದು. ನನಗಾಗ ಮೂವತ್ತೈದು ವರ್ಷ.

ಮುಂದಿನ ವರ್ಷ ಒಂದು ಭಾನುವಾರ ಸಂಜೆ ಹಿಂದಿ ಚಿತ್ರ ನಡೆಯುತ್ತಿತ್ತು. ನಮ್ಮಲ್ಲಿ ಹಿಂದಿ ಬಲ್ಲವರು ಯಾರೂ ಇರಲಿಲ್ಲವಾಗಿ ಎಲ್ಲರೂ ಬಹಳ ಗಮನವಿಟ್ಟು ನೋಡುತ್ತಿದ್ದೆವು. ಜಮಖಾನದ ಮೇಲೆ ನೆರೆಮನೆಯ ಮಕ್ಕಳು, ದೀಪ ಆರಿಸಿತ್ತು. ಎಷ್ಟೋ ಹೊತ್ತಿನ ಮೇಲೆ ಹಿಂದಿರುಗಿ ನೋಡಿದರೆ ಅಣ್ಣನ ಹಳೆಯ ಗೆಳೆಯರೊಬ್ಬರು, ನಿವೃತ್ತ ಮೇಷ್ಟರು, ಹೊಸ್ತಿಲ ಬಳಿ ಕೊಡೆ ಹಿಡಿದು ನಿಂತಿದ್ದಾರೆ. ಯಾವಾಗ ಬಂದರೋ! ನಾನೊಂದು ಸ್ಟೂಲು ತಳ್ಳಿದೆ. ಅಣ್ಣ ಕತ್ತು ತಿರುಗಿಸಿ "ಕೂತ್ಕೊಳ್ಳಿ ಮೇಷ್ಟ್ರೇ, ಇನ್ನೇನು ಮುಗೀತು" ಎಂದರು. ಮುಗಿಯಲಿಲ್ಲ. ಮೇಷ್ಟರು ಸ್ವಲ್ಪ ಹೊತ್ತು ನೋಡಿದರು. ಜಾಹೀರಾತು ಬಂದಾಗ ಎದ್ದು, "ಬರ್ತೀನಿ ರಾಯರೇ, ವಿಶೇಷವೇನಿಲ್ಲ" ಎಂದು ಹೊರಟುಹೋದರು. ಒಂದು ಲೋಟ ಕಾಫಿ ಕೂಡ ಆಗಲಿಲ್ಲ.

ವಿಶೇಷವೇನೆಂಬುದು ಹದಿನೈದು ದಿನದ ಮೇಲೆ ತಿಳಿಯಿತು. ಮನೆ ಖಾಲಿ ಮಾಡಿ, ನಾಗಪುರದಲ್ಲಿದ್ದ ಮಗನ ಮನೆಗೆ ಹೋಗಿ ನೆಲಸಿದ್ದರು. ಅಂದು ಹೇಳಿ ಹೋಗಲು ಬಂದಿದ್ದರು. ಅಣ್ಣ ಬರೆದ ಕಾರ್ಡಿಗೆ ಜವಾಬು ಬಂತು. ಅದರಲ್ಲಿ ಆ ಸಂಜೆಯ ಮಾತೇ ಇರಲಿಲ್ಲ. ಅವರು ಮತ್ತೆ ಬೆಂಗಳೂರಿಗೆ ಬರಲಿಲ್ಲ.

ಕಾರ್ಡು ಬಂದ ದಿನ ನಾನು ಕಚೇರಿಯಿಂದ ಬರುವಷ್ಟರಲ್ಲಿ ಆರಾಮಕುರ್ಚಿ ಬಾಗಿಲ ಕಡೆ ತಿರುಗಿತ್ತು. ಎಪ್ಪತ್ತೆರಡು ವರ್ಷದವರು ಒಬ್ಬರೇ ಅದನ್ನು ಹೇಗೆ ಎಳೆದರೋ ನಾನು ಕೇಳಲಿಲ್ಲ. ಅಲ್ಲಿಂದ ಮುಂದೆ ಅಣ್ಣ ಟೆಲಿವಿಷನ್ನನ್ನು ನೋಡಿದವರಲ್ಲ, ಕೇಳಿದವರು. 1987ರಲ್ಲಿ 'ರಾಮಾಯಣ' ಬಂದು, ಭಾನುವಾರ ಬೆಳಗ್ಗೆ ಜಗಲಿಯ ತುಂಬ ಚಪ್ಪಲಿ ಬಿಟ್ಟು ಬೀದಿಯವರೆಲ್ಲ ಒಳಗೆ ನೆರೆದಾಗಲೂ, ಅಷ್ಟು ಜನದಲ್ಲಿ ಅವರೊಬ್ಬರೇ ಎದುರು ದಿಕ್ಕಿಗೆ ಕೂತಿರುತ್ತಿದ್ದರು. ಬೆನ್ನ ಹಿಂದೆ ಶ್ರೀರಾಮ. ಎದುರಿಗೆ ಖಾಲಿ ಬೀದಿ. "ರಾಮ ಗೊತ್ತಿರೋನೇ, ಬರೋರು ಯಾರೋ ಗೊತ್ತಿಲ್ಲವಲ್ಲ" ಎನ್ನುತ್ತಿದ್ದರು.

ಅವರು ಹೋದದ್ದು 1994ರಲ್ಲಿ. ಮರದ ಪೆಟ್ಟಿಗೆ ಗುಜರಿಯವನ ಪಾಲಾಯಿತು. ಅನಂತರ ಬಂದವುಗಳ ವಿಷಯ ಹೇಳುವಂಥದೇನಿಲ್ಲ. ಈಗಿನದು ಗೋಡೆಗೆ ಪಟದಂತೆ ಅಂಟಿಕೊಂಡಿದೆ; ಅದಕ್ಕೆ ಬೆನ್ನೂ ಇಲ್ಲ, ನೆತ್ತಿಯೂ ಇಲ್ಲ. ನನ್ನ ಕನ್ನಡಕ ಈಗ ದಿನಕ್ಕೆರಡು ಸಲ ಕಳೆದುಹೋಗುತ್ತದೆ.

ಹೋದ ತಿಂಗಳು ಸೊಸೆ ಹೊಸ ಸೋಫಾ ಮಾಡಿಸಲೆಂದು ಬಡಗಿಯನ್ನು ಕರೆಸಿದ್ದಳು. ಅವನು ಟೇಪು ಹಿಡಿದು ಪಡಸಾಲೆಯನ್ನೆಲ್ಲ ಅಳೆದು, ಆರಾಮಕುರ್ಚಿಯ ಹತ್ತಿರ ಬಂದು ನಿಂತ. "ಯಜಮಾನ್ರೇ, ಇದು ಉಲ್ಟಾ ಇದೆಯಲ್ಲ. ಟಿ.ವಿ. ಕಡೆ ತಿರುಗಿಸಿಬಿಡಲಾ?"

ಸೊಸೆ ನನ್ನ ಮುಖ ನೋಡಿದಳು.

"ಅದನ್ನು ಬಿಟ್ಟು ಅಳತೆ ತಗೋಳಪ್ಪ" ಎಂದೆ.